ಕೊನೆಯ ಬಸ್ಸಿನಿಂದ ಹಿಂದಕ್ಕೆ: ಕಾರಿಲ್ಲದೆ ಇಂಗ್ಲೆಂಡಿನ ಹಳೆಯ ಊರುಗಳನ್ನು ಸುತ್ತಿದ ನನ್ನ ಅನುಭವ

ಲಂಡನ್ನಿಗೆ ಪಶ್ಚಿಮದ ರೆಡಿಂಗ್‌ನಲ್ಲಿ ನೆಲೆಸಿರುವ ನಾವು ಕೆಲವು ಕನ್ನಡ ಮನೆಯವರು ಸೇರಿದಾಗಲೆಲ್ಲ, ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ಮಾತು ಬಂದೇ ಬರುತ್ತದೆ. ನಮ್ಮ ಮನೆಯಲ್ಲಿ ಕಾರಿಲ್ಲ. ಹಾಗಾಗಿ ಲಂಡನ್ ತೋರಿಸಿ ಸುಮ್ಮನಾಗು, ಎಪ್ಪತ್ತು ದಾಟಿದವರನ್ನು ಹಳ್ಳಿ ಬಸ್ಸುಗಳಲ್ಲಿ ಅಲೆಸಬೇಡ ಎಂದು ನನಗೆ ಬುದ್ಧಿ ಹೇಳದವರಿರಲಿಲ್ಲ. 2025ರ ಬೇಸಿಗೆಯಲ್ಲಿ ಅಪ್ಪ ಅಮ್ಮ ನಮ್ಮೊಡನಿದ್ದ ಐದು ತಿಂಗಳಲ್ಲಿ, ರೈಲು ಮತ್ತು ಬಸ್ಸುಗಳನ್ನಷ್ಟೇ ನಂಬಿ ಏಳು ಒಂದು ದಿನದ ಪ್ರವಾಸಗಳನ್ನು ಮಾಡಿದೆವು. ಅವುಗಳಲ್ಲಿ ಮೊದಲಿನ ಎರಡು ಕೆಟ್ಟವು, ಉಳಿದ ಐದು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆದವು. ಬೇಡವೆಂದಿದ್ದವರಲ್ಲಿಯೇ ಇಬ್ಬರು ಈಗ ನನ್ನ ವೇಳಾಪಟ್ಟಿಯನ್ನು ಕೇಳಿ ಪಡೆದಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ಪ್ರವಾಸದಲ್ಲಿ ಕಾಟ್ಸ್‌ವೊಲ್ಡ್ಸ್ ಎಂಬ ಗುಡ್ಡನಾಡಿನ ಮೂರು ಊರುಗಳನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬೇಕೆಂಬ ಆಸೆ ನನಗಿತ್ತು. ಮೋರ್ಟನ್-ಇನ್-ಮಾರ್ಷ್‌ನಲ್ಲಿ ರೈಲಿಳಿದು ಸ್ಟೋ-ಆನ್-ದ-ವೋಲ್ಡ್, ಅಲ್ಲಿಂದ ಬೋರ್ಟನ್-ಆನ್-ದ-ವಾಟರ್, ಅದರಾಚೆ ಇನ್ನೊಂದು ಸಣ್ಣ ಹಳ್ಳಿ. ವೇಳಾಪಟ್ಟಿಯಲ್ಲಿ, ಸಂಜೆ ಐದರ ಸುಮಾರಿಗೆ ಮರಳಬೇಕಿದ್ದ ಬಸ್ಸಿನ ಸಾಲಿನ ತಲೆಯ ಮೇಲೆ ಒಂದು ಸಣ್ಣ ಅಕ್ಷರ ಅಚ್ಚಾಗಿತ್ತು. ಆ ಬಸ್ಸು ಶಾಲೆಯಿರುವ ದಿನ ಮಾತ್ರ ಓಡುತ್ತದೆ ಎಂಬುದು ಅದರ ಅರ್ಥ. ಅದು ಶಾಲೆಯ ರಜೆಯ ವಾರ. ಬಸ್ ನಿಲ್ದಾಣದಲ್ಲಿ ಕೂರಲು ಕಲ್ಲುಗೋಡೆಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ; ಸಣ್ಣಗೆ ಮಳೆ ಹನಿಯುತ್ತಿತ್ತು; ಅಪ್ಪನ ಮಂಡಿ ಆಗಲೇ ಊದಿಕೊಂಡಿತ್ತು. ಮುಕ್ಕಾಲು ಗಂಟೆ ಕಾದು ಟ್ಯಾಕ್ಸಿ ಹಿಡಿದೆವು. ಅದಕ್ಕೇ ಐವತ್ತೈದು ಪೌಂಡ್ ಆಯಿತು. ರೈಲು, ಬಸ್ಸು, ಊಟ ಎಲ್ಲ ಸೇರಿ ನಾಲ್ವರಿಗೆ ಆ ದಿನ ಇನ್ನೂರ ನಲವತ್ತು ಪೌಂಡ್ ಮುಟ್ಟಿತೆಂದು ನೆನಪು. ಮೂರು ಊರುಗಳಲ್ಲಿ ಒಂದನ್ನೂ ನೆಟ್ಟಗೆ ನೋಡಿರಲಿಲ್ಲ ಎಂಬುದು ಹಣಕ್ಕಿಂತ ಹೆಚ್ಚು ನೋಯಿಸಿತು.

ಎರಡನೆಯ ಸಲ ಸಾಲ್ಸ್‌ಬರಿಗೆ ಹೊರಟೆವು. ಭಾನುವಾರ ಹಳಿಯ ದುರಸ್ತಿಯಿದ್ದ ಕಾರಣ ಅರ್ಧ ದಾರಿಯನ್ನು ಬದಲಿ ಬಸ್ಸಿನಲ್ಲಿ ಕಳೆದು, ತಲುಪುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಅಲ್ಲಿನ ಹಳೆಯ ದೊಡ್ಡ ಚರ್ಚು, ಕತೀಡ್ರಲ್ಲನ್ನು ಹೊರಗಿನಿಂದ ನೋಡಿ ಹಿಂದಿರುಗಿದೆವು. ಅಂದಿನಿಂದ ಭಾನುವಾರ ಹೊರಡುವುದನ್ನೇ ಬಿಟ್ಟೆ; ಸಣ್ಣ ಮ್ಯೂಸಿಯಮ್‌ಗಳಲ್ಲಿ ಹಲವು ಸೋಮವಾರ ಮುಚ್ಚಿರುವುದರಿಂದ ಆ ದಿನವನ್ನೂ ಬಿಟ್ಟೆ.

ಆಮೇಲೆ ರೂಢಿಸಿಕೊಂಡ ಕ್ರಮ ಇಷ್ಟೇ: ದಿನವನ್ನು ಬೆಳಗಿನಿಂದ ಮುಂದಕ್ಕೆ ಹೆಣೆಯದೆ, ಸಂಜೆಯ ಕೊನೆಯ ಬಸ್ಸಿನಿಂದ ಹಿಂದಕ್ಕೆ ಹೆಣೆಯುವುದು. ಕೊನೆಯ ಬಸ್ಸು ಯಾವುದೆಂದು ಮೊದಲು ಗೊತ್ತುಮಾಡಿಕೊಂಡು, ಅದಕ್ಕಿಂತ ಎರಡು ಬಸ್ಸು ಮೊದಲಿನದರಲ್ಲಿ ಹೊರಡುವೆನೆಂದು ಸಂಕಲ್ಪಿಸಿ, ಉಳಿದ ಹೊತ್ತಿನಲ್ಲಿ ಏನು ಹಿಡಿಸುತ್ತದೋ ಅಷ್ಟನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ದಿನಕ್ಕೆ ಒಂದು ಮ್ಯೂಸಿಯಮ್, ಹೆಚ್ಚೆಂದರೆ ದಾರಿಯಲ್ಲಿ ಬಯಲಿನ ಒಂದು ಜಾಗ. ಮೊದಲು ಅತಿ ದೂರದ ಊರಿಗೆ ಹೋಗಿ, ಬರುತ್ತ ಹತ್ತಿರದ್ದನ್ನು ನೋಡಿದರೆ, ದಣಿವಾದಂತೆಲ್ಲ ಮನೆ ಸಮೀಪಿಸುತ್ತಿರುತ್ತದೆ. ವಯಸ್ಸಾದವರಿಗೆ ಇದರಿಂದಾಗುವ ನೆಮ್ಮದಿಯನ್ನು ಕಣ್ಣಾರೆ ಕಂಡಿದ್ದೇನೆ.

ಈ ಕ್ರಮ ಮೊದಲು ಕೈಹಿಡಿದದ್ದು ಡಿವೈಜಸ್ ಪ್ರವಾಸದಲ್ಲಿ. ಡಿವೈಜಸ್‌ಗೆ 1966ರಿಂದ ರೈಲಿಲ್ಲ. ಸ್ವಿಂಡನ್‌ನಲ್ಲಿ ಇಳಿದು 49ನೆಯ ನಂಬರಿನ ಬಸ್ಸು ಹತ್ತಿದರೆ ಅದು ಏವ್‌ಬರಿಯ ಶಿಲಾವೃತ್ತದ ನಡುವೆಯೇ ಹಾದು ಡಿವೈಜಸ್ ಮುಟ್ಟುತ್ತದೆ. ನಾವು ಏವ್‌ಬರಿಯಲ್ಲಿ ಇಳಿಯದೆ ನೇರ ಡಿವೈಜಸ್‌ನ ವಿಲ್ಟ್‌ಶೈರ್ ಮ್ಯೂಸಿಯಮ್‌ಗೆ ಹೋದೆವು. ಸ್ಟೋನ್‌ಹೆಂಜ್ ಸಮೀಪದ ಬುಷ್ ಬ್ಯಾರೋ ಎಂಬ ಸಮಾಧಿ ದಿಬ್ಬದಿಂದ ವಿಲಿಯಂ ಕನ್ನಿಂಗ್ಟನ್ 1808ರಲ್ಲಿ ಅಗೆದು ತೆಗೆದ ಚಿನ್ನ ಅಲ್ಲಿದೆ. ವಜ್ರಾಕೃತಿಯ ಚಿನ್ನದ ತಗಡಿನ ಎದುರು ಎಲ್ಲರೂ ನಿಲ್ಲುತ್ತಾರೆ. ಅಮ್ಮ ಮಾತ್ರ ಅದರ ಪಕ್ಕದ ಕಠಾರಿಯ ಹಿಡಿಕೆಯ ವಿಷಯದಲ್ಲಿ ಸಿಕ್ಕಿಕೊಂಡರು. ಕೂದಲಿಗಿಂತ ತೆಳುವಾದ ಚಿನ್ನದ ಮೊಳೆಗಳನ್ನು, ಸುಮಾರು 1,40,000ದಷ್ಟು, ಮರದ ಹಿಡಿಯಲ್ಲಿ ಒಂದೊಂದಾಗಿ ಕೂರಿಸಿದ್ದರಂತೆ. ನಾಲ್ಕು ಸಾವಿರ ವರ್ಷಗಳ ಹಿಂದೆ, ಭೂತಗನ್ನಡಿಯಿಲ್ಲದೆ. ಅಮ್ಮನ ತವರಿನ ಪಕ್ಕದ ಮನೆ ಅಕ್ಕಸಾಲಿಗರದ್ದು. ಕನ್ನಡಕವನ್ನು ಹಣೆಗೇರಿಸಿ ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿದ ಅಮ್ಮ, "ಇದು ಮಕ್ಕಳ ಕಣ್ಣಿನ ಕೆಲಸ, ದೊಡ್ಡವರ ಕೈಯಲ್ಲಿ ಆಗುವಂಥದ್ದಲ್ಲ" ಎಂದರು. ದೃಷ್ಟಿಶಾಸ್ತ್ರದ ತಜ್ಞರೂ ಇದೇ ಅಭಿಪ್ರಾಯವನ್ನು ಕೊಟ್ಟಿದ್ದಾರೆಂದು ನಾನು ಮೊದಲೇ ಓದಿದ್ದೆ, ಆದರೆ ಅಮ್ಮನಿಗೆ ಹೇಳಿರಲಿಲ್ಲ. ಆ ಗಾಜಿನ ಮುಂದೆಯೇ ಇಪ್ಪತ್ತು ನಿಮಿಷ ಕಳೆದಿರಬೇಕು. ಮೂರು ಊರು ಸುತ್ತುವ ಅವಸರವಿದ್ದರೆ ಈ ಇಪ್ಪತ್ತು ನಿಮಿಷ ಎಲ್ಲಿಂದ ಬರುತ್ತಿತ್ತು?

ಮರಳುವಾಗ ಏವ್‌ಬರಿಯಲ್ಲಿ ಇಳಿದೆವು. ಅಲ್ಲಿನ ಕಲ್ಲುಗಳನ್ನು ಮುಟ್ಟಬಹುದು, ನಡುವೆ ಕುರಿಗಳು ಮೇಯುತ್ತಿರುತ್ತವೆ. ಬಿದ್ದಿದ್ದ ಮತ್ತು ಹುಗಿದಿದ್ದ ಹಲವು ಕಲ್ಲುಗಳನ್ನು 1930ರ ದಶಕದಲ್ಲಿ ಎತ್ತಿ ನಿಲ್ಲಿಸಿದವರು ಅಲೆಕ್ಸಾಂಡರ್ ಕೀಲರ್, ಮಾರ್ಮಲೇಡ್ ವ್ಯಾಪಾರದ ಮನೆತನದವರು. ಒಂದು ಕಲ್ಲಿನಡಿ 1938ರಲ್ಲಿ ಕತ್ತರಿ ಮತ್ತು ಹದಿನಾಲ್ಕನೆಯ ಶತಮಾನದ ನಾಣ್ಯಗಳ ಸಮೇತ ಒಬ್ಬನ ಅಸ್ಥಿಪಂಜರ ಸಿಕ್ಕಿತು. ಅವನನ್ನು ಕ್ಷೌರಿಕ ವೈದ್ಯನೆಂದು ಊಹಿಸಿದ್ದಾರೆ. ಅಪ್ಪ ಆ ಕಲ್ಲಿನ ಪಕ್ಕದಲ್ಲಿ ಕುಳಿತು ಮೊಸರನ್ನ ತಿಂದರು.

ಊಟದ ವಿಷಯದಲ್ಲಿಯೂ ಪ್ರಯೋಗ ಮಾಡಿದ್ದೇನೆ. ಬಿಸಿಬೇಳೆಬಾತನ್ನು ಫ್ಲಾಸ್ಕಿನಲ್ಲಿ ಒಯ್ದರೆ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗಿ ಚಮಚ ಇಳಿಯುವುದಿಲ್ಲ, ಚಿತ್ರಾನ್ನ ನಿಲ್ಲುತ್ತದೆ, ಹಾಲು ಹೆಚ್ಚು, ಹೆಪ್ಪು ಕಡಿಮೆ ಹಾಕಿ ಕಲಸಿದ ಮೊಸರನ್ನ ಎಲ್ಲಕ್ಕಿಂತ ಮೇಲು. ಇನ್ನೊಂದು ಪ್ರಯೋಗ ಇದಕ್ಕಿಂತ ಫಲ ಕೊಟ್ಟಿತು. ಮ್ಯೂಸಿಯಮ್‌ನಲ್ಲಿ ನೋಡಬೇಕಾದ ಐದೇ ಐದು ವಸ್ತುಗಳನ್ನು ಆರಿಸಿ, ಅವುಗಳ ಕಥೆಯನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಒಂದು ಹಾಳೆಗೆ ಅಚ್ಚು ಹಾಕಿ, ಹೋಗುವ ರೈಲಿನಲ್ಲಿ ಅಪ್ಪ ಅಮ್ಮನ ಕೈಗೆ ಕೊಡುತ್ತಿದ್ದೆ. ಹತ್ತು ವಸ್ತುಗಳನ್ನು ಬರೆದ ದಿನ ಅವರು ಓದಲಿಲ್ಲ. ಐದೇ ಇರಬೇಕು, ಅದರಲ್ಲಿ ಒಂದು ಅಡುಗೆಮನೆಯ ಅಥವಾ ಹೊಲದ ವಸ್ತುವಾಗಿರಬೇಕು.

ಆ ಹಾಳೆಯ ಬೆಲೆ ತಿಳಿದದ್ದು ಸಾಲ್ಸ್‌ಬರಿಗೆ ಮತ್ತೆ ಹೋದಾಗ. ಈ ಸಲ ಬುಧವಾರ, ಬೇಸಿಂಗ್‌ಸ್ಟೋಕ್‌ನಲ್ಲಿ ರೈಲು ಬದಲಿಸಿ ಹತ್ತೂವರೆಗೆಲ್ಲ ಮುಟ್ಟಿದೆವು. ಕತೀಡ್ರಲ್ಲಿನಲ್ಲಿರುವ, ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾ ಸನ್ನದಿನ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದು, 1386ರದೆಂದು ಹೇಳುವ ಮುಖಫಲಕವಿಲ್ಲದ ಗಡಿಯಾರ, 123 ಮೀಟರ್ ಎತ್ತರದ ಶಿಖರ, ಅದರ ಭಾರಕ್ಕೆ ಕಣ್ಣಿಗೆ ಕಾಣುವಂತೆ ಬಾಗಿರುವ ಕಂಬಗಳು, ಇವೆಲ್ಲ ಹಾಳೆಯಲ್ಲಿದ್ದವು. ಕೊನೆಯ ಸಾಲಿನಲ್ಲಿ, 1220ರಲ್ಲಿ ತೊಡಗಿದ ಈ ಕಟ್ಟಡದ ಪ್ರತಿಷ್ಠೆ 1258ರಲ್ಲಿ ಆಯಿತೆಂದು ಬರೆದಿದ್ದೆ. ಅಪ್ಪ ಟಿ. ನರಸೀಪುರದ ಕಡೆಯವರು. ಹಾಳೆಯನ್ನು ಮಡಚಿ ಜೇಬಿಗಿಟ್ಟು, "ನಮ್ಮ ಸೋಮನಾಥಪುರವೂ ಅದೇ ವರ್ಷದ್ದಲ್ಲವೆ" ಎಂದರು. ಹೌದು, ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯಕ್ಕೂ 1258 ಎಂದೇ ಹೇಳುತ್ತಾರೆ. ಅದು ನನಗೆ ಹೊಳೆದಿರಲಿಲ್ಲ. ಅಪ್ಪ ಎದ್ದು ಹೋಗಿ ಕಂಬವೊಂದರ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು.

ಖರ್ಚಿನ ಲೆಕ್ಕವನ್ನೂ ಹೇಳಬೇಕು. ಡಿವೈಜಸ್ ದಿನ ಗುಂಪಾಗಿ ಹೋಗುವವರಿಗೆ ಸಿಗುವ ಗ್ರೂಪ್‌ಸೇವ್ ರಿಯಾಯಿತಿಯಲ್ಲಿ ರೈಲಿಗೆ ಎಪ್ಪತ್ತರ ಆಸುಪಾಸು, ಬಸ್ಸಿಗೆ ಮೂವತ್ತು ಚಿಲ್ಲರೆ, ಪ್ರವೇಶಕ್ಕೆ ನಲವತ್ತರೊಳಗೆ, ಚಹಾಕ್ಕೆ ಹತ್ತು: ನಾಲ್ವರಿಗೆ ನೂರೈವತ್ತು ಪೌಂಡ್ ಒಳಗೇ ಮುಗಿಯಿತು. ಒಂದು ಸಲದ ಬಸ್ ಪ್ರಯಾಣಕ್ಕೆ ಸರಕಾರ ಗೊತ್ತುಮಾಡಿದ ಗರಿಷ್ಠ ದರವನ್ನು 2025ರ ಜನವರಿಯಲ್ಲಿ ಎರಡು ಪೌಂಡಿನಿಂದ ಮೂರಕ್ಕೆ ಏರಿಸದಿದ್ದರೆ ಇನ್ನೂ ಇಳಿಯುತ್ತಿತ್ತು. ಬಾಡಿಗೆ ಕಾರಿನಲ್ಲಿಯೂ ಬಹುಶಃ ಇಷ್ಟೇ ಆಗುತ್ತದೆ, ಆದರೆ ಓಡಿಸುವವನಿಗೆ ಅಪ್ಪನ ಪಕ್ಕದಲ್ಲಿ ಕುಳಿತು ಕಿಟಕಿಯಾಚೆ ನೋಡುವ ಭಾಗ್ಯವಿಲ್ಲ. ಸಾಲ್ಸ್‌ಬರಿಯ ರೈಲು ಟಿಕೆಟ್ಟನ್ನು ಯಾವ ನಿಲ್ದಾಣದಲ್ಲಿ ಎರಡಾಗಿ ಒಡೆದು ಕೊಂಡರೆ ಇನ್ನಷ್ಟು ಉಳಿಯುತ್ತದೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಹಳ ರಾತ್ರಿ ಕುಳಿತು ಕಂಡುಕೊಂಡದ್ದು ಅದು.

ಕೊನೆಯ ಪ್ರವಾಸಕ್ಕೆ ಮತ್ತೆ ಮೋರ್ಟನ್-ಇನ್-ಮಾರ್ಷ್‌ಗೇ ಹೋದೆ, ಸೋತ ಊರಿನಲ್ಲಿಯೇ ಗೆಲ್ಲಬೇಕೆಂದು. ಅಲ್ಲಿಗೆ ಹತ್ತಿರದ ಸೆಜಿನ್‌ಕೋಟ್ ಎಂಬ ಮನೆಯನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಚಾರ್ಲ್ಸ್ ಕಾಕರೆಲ್‌ಗಾಗಿ ಮೊಘಲ್ ಶೈಲಿಯಲ್ಲಿ ಕಟ್ಟಿದರು. ತೋಟ ವಾರದ ಕೆಲವೇ ದಿನ, ಮಧ್ಯಾಹ್ನ ಮಾತ್ರ ತೆರೆದಿರುತ್ತದೆ. ಆದ್ದರಿಂದ ಇಡೀ ದಿನವನ್ನು ಅದೊಂದಕ್ಕೇ ಬಿಟ್ಟುಕೊಟ್ಟೆವು. ಹಸಿರುಗಟ್ಟಿದ ತಾಮ್ರದ ಗುಮ್ಮಟ, ಸೂರ್ಯನ ಗುಡಿ, ಕೆಳಗೆ ತೊರೆ, ತೊರೆಯ ಸೇತುವೆಯ ಮೇಲೆ ಸಾಲಾಗಿ ಕುಳಿತ ನಂದಿಗಳು. ಅಮ್ಮ ಚಪ್ಪಲಿ ಬಿಟ್ಟು ಹೋಗಿ ಒಂದೊಂದು ನಂದಿಯ ಬೆನ್ನನ್ನೂ ಸವರಿದರು. ಹೊರಡಲು ಇನ್ನೂ ಎರಡು ಬಸ್ಸುಗಳಷ್ಟು ಹೊತ್ತು ಉಳಿದಿತ್ತು.