ಪ್ಲೇಂಟಿನಲ್ಲಿ ಇರುವುದಷ್ಟೇ: ವಾಟ್ಸನ್-ಗ್ಲೇಸರ್ ಪರೀಕ್ಷೆಗೆ ನಾನು ತಯಾರಾದ ಬಗೆ

ಲಂಡನ್ನಿನ ದೊಡ್ಡ ಕಾನೂನು ಫರ್ಮುಗಳಲ್ಲಿ ಟ್ರೇನಿಂಗ್ ಕಾಂಟ್ರ್ಯಾಕ್ಟಿಗೋ (ತರಬೇತಿ ವಕೀಲರ ಕೆಲಸ) ವೆಕೇಶನ್ ಸ್ಕೀಮಿಗೋ (ರಜೆಯಲ್ಲಿ ಫರ್ಮಿನಲ್ಲಿ ಕೆಲಸ ಕಲಿಯುವ ಅವಕಾಶ) ಅರ್ಜಿ ಹಾಕಿದವರಿಗೆ ವಾಟ್ಸನ್-ಗ್ಲೇಸರ್ ಅನ್ನುವ ಹೆಸರು ಹೊಸದಲ್ಲ. ತರ್ಕಬದ್ಧವಾಗಿ ಯೋಚಿಸುವ ಶಕ್ತಿಯನ್ನು ಅಳೆಯುವ ಪರೀಕ್ಷೆ ಅದು. ಎಷ್ಟೋ ಫರ್ಮುಗಳಲ್ಲಿ ಅರ್ಜಿ ಕಳಿಸಿದ ಬೆನ್ನಿಗೇ ಅದರ ಲಿಂಕ್ ಬರುತ್ತದೆ. 40 ಪ್ರಶ್ನೆ, 30 ನಿಮಿಷ. ಕಾನೂನಿನ ಒಂದು ಸೆಕ್ಷನ್ ಕೇಳುವುದಿಲ್ಲ, ಒಂದು ಜಡ್ಜ್‌ಮೆಂಟ್ ಬೇಕಾಗಿಲ್ಲ. ನಾಲ್ಕಾರು ಸಾಲಿನ ಒಂದು ಪ್ಯಾರಾ ಕೊಟ್ಟು, ಅದರ ಕೆಳಗೆ ಒಂದು ಮಾತು ಬರೆದು, ಇದು ಅದರಿಂದ ಹೊರಡುತ್ತದೋ ಇಲ್ಲವೋ ಹೇಳು ಅನ್ನುತ್ತಾರೆ. ಅಂಕ ಸಾಲದಿದ್ದರೆ ನೀವು ಹಗಲೂ ರಾತ್ರಿ ಕೂತು ಬರೆದ ಅರ್ಜಿ ಮುಂದೆ ಹೋಗುವುದಿಲ್ಲ.

ನಾನು ಕಾನೂನು ಓದಿದ್ದು ಮೈಸೂರಿನಲ್ಲಿ. ಆಮೇಲೆ ಒಬ್ಬ ಸಿವಿಲ್ ವಕೀಲರ ಛೇಂಬರಿನಲ್ಲಿ ಜೂನಿಯರ್ ಆಗಿದ್ದೆ, ಅಲ್ಲಿಂದ ಎಲ್‌ಎಲ್‌ಎಂಗೆ ಇಂಗ್ಲೆಂಡಿಗೆ ಬಂದೆ. ನಮ್ಮ ಕಡೆ ಸೀನಿಯರ್ ಹತ್ತಿರ ಸೇರುವುದಕ್ಕೆ ಪರೀಕ್ಷೆ ಗಿರೀಕ್ಷೆ ಇಲ್ಲ. ಯಾರೋ ಪರಿಚಯದವರು ಫೋನ್ ಮಾಡುತ್ತಾರೆ, ಸೋಮವಾರದಿಂದ ಕರಿ ಕೋಟು ಹಾಕಿಕೊಂಡು ಹೋಗಬೇಕು, ಅಷ್ಟೇ. 2020ರಿಂದ ಈಚೆಗೆ ಸಿಎಲ್‌ಎಟಿ (ನಮ್ಮ ಲಾ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ) ಬರೆದವರಿಗೆ ಪ್ಯಾರಾ ಓದಿ ಉತ್ತರಿಸುವ ಅಭ್ಯಾಸ ಇರುತ್ತದೆ. ನನಗೆ ಅದೂ ಇರಲಿಲ್ಲ.

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಮಾಕ್ ಟೆಸ್ಟ್ ಮಾಡಿ, ಮಾಡುತ್ತಲೇ ಇರಿ. ಅದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಈ ಪರೀಕ್ಷೆಯಲ್ಲಿ ಐದು ಭಾಗಗಳಿವೆ, ಐದಕ್ಕೂ ನಿಯಮ ಬೇರೆ. ಒಂದು ಭಾಗದಲ್ಲಿ ಸರಿಯಾದ ಉತ್ತರ ಇನ್ನೊಂದು ಭಾಗದಲ್ಲಿ ತಪ್ಪು. ಆ ನಿಯಮಗಳು ತಲೆಗೆ ಹತ್ತದೆ ಎಷ್ಟು ಮಾಕ್ ಮಾಡಿದರೂ ಅಂಕ ಅಲ್ಲಲ್ಲೇ ಓಲಾಡುತ್ತಿರುತ್ತದೆ. ಇದರಲ್ಲಿ ಒಂದು ಸಮಾಧಾನದ ಸಂಗತಿ ಇದೆ. ನಮ್ಮ ಕೋರ್ಟುಗಳಲ್ಲಿ ಓಡಾಡಿದವರಿಗೆ ಈ ನಿಯಮಗಳು ಬೇರೆ ಹೆಸರಿನಲ್ಲಿ ಆಗಲೇ ಗೊತ್ತಿರುತ್ತವೆ.

ನನ್ನ ಸೀನಿಯರ್‌ಗೆ ಒಂದು ಅಭ್ಯಾಸವಿತ್ತು. ಪ್ಲೇಂಟನ್ನು, ಅಂದರೆ ವಾದಿ ತನ್ನ ಕೇಸನ್ನು ಬರೆದು ಕೋರ್ಟಿಗೆ ಕೊಡುವ ದಾವಾಪತ್ರವನ್ನು, ಆರಂಭದಲ್ಲೇ ತಿರಸ್ಕರಿಸಿ ಅಂತ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 7 ರೂಲ್ 11ರ ಅರ್ಜಿ ಹಾಕುವ ಮುನ್ನ ಜೂನಿಯರ್‌ಗಳಿಗೆ ಅದನ್ನು ಓದಲು ಕೊಡುತ್ತಿದ್ದರು. ನಾನು ಓದಿ, "ಸರ್, ಇವರು ಹೇಳೋದು ಸುಳ್ಳು ಸರ್, ನಮ್ಮ ಕ್ಲೈಂಟ್ ಹತ್ರ ರಸೀದಿ ಇದೆ" ಅಂದರೆ, "ರಸೀದಿ ಆಮೇಲೆ ನೋಡೋಣಮ್ಮ. ಪ್ಲೇಂಟಲ್ಲಿ ಏನಿದೆ? ಅದೆಲ್ಲ ನಿಜ ಅಂತಲೇ ಇಟ್ಕೋ. ಆಗಲೂ ಕೇಸ್ ನಿಲ್ಲುತ್ತಾ? ಅಷ್ಟು ಹೇಳು" ಅನ್ನುತ್ತಿದ್ದರು. ಆ ಅರ್ಜಿಯಲ್ಲಿ ಕೋರ್ಟು ನೋಡುವುದೇ ಅಷ್ಟು. ಪ್ಲೇಂಟಿನಲ್ಲಿ ಬರೆದದ್ದನ್ನು ನಿಜವೆಂದು ಹಿಡಿಯುತ್ತದೆ, ಪ್ರತಿವಾದಿಯ ಕಥೆಗೆ ಆಗ ಜಾಗವಿಲ್ಲ. ವಾಟ್ಸನ್-ಗ್ಲೇಸರ್ ಕೇಳುವುದರಲ್ಲಿ ಹೆಚ್ಚಿನ ಪಾಲು ಇದೇ.

ಇನ್‌ಫರೆನ್ಸ್ ಭಾಗದಿಂದ ಶುರು ಮಾಡುತ್ತೇನೆ, ಎಲ್ಲರೂ ಹೆಚ್ಚು ತಿಣುಕುವುದು ಅಲ್ಲೇ. ಪ್ಯಾರಾದಿಂದ ತೆಗೆದ ಒಂದು ಊಹೆ ಎಷ್ಟರ ಮಟ್ಟಿಗೆ ನಿಜ ಅಂತ ಹೇಳಬೇಕು. ಉತ್ತರಕ್ಕೆ ಐದು ಆಯ್ಕೆ: ನಿಜ, ಬಹುಶಃ ನಿಜ, ಮಾಹಿತಿ ಸಾಲದು, ಬಹುಶಃ ಸುಳ್ಳು, ಸುಳ್ಳು. ಅಭ್ಯಾಸಕ್ಕೆ ನಾನೇ ಕಟ್ಟಿಕೊಂಡಿದ್ದ ಒಂದು ಪ್ಯಾರಾ ಹೀಗಿತ್ತು: "ಒಂದು ಊರಿನ ಗ್ರಂಥಾಲಯ ಕಳೆದ ವರ್ಷದಿಂದ ಭಾನುವಾರವೂ ತೆರೆಯುತ್ತಿದೆ. ಆ ವರ್ಷ ಸದಸ್ಯರ ಸಂಖ್ಯೆ ಏರಿತು. ಹೊಸ ಸದಸ್ಯರಲ್ಲಿ ಮುಕ್ಕಾಲು ಪಾಲು ಜನ ಸೋಮವಾರದಿಂದ ಶನಿವಾರದವರೆಗೆ ಕೆಲಸಕ್ಕೆ ಹೋಗುವವರು."

ಹೊಸ ಸದಸ್ಯರಲ್ಲಿ ಹೆಚ್ಚಿನವರು ನಿರುದ್ಯೋಗಿಗಳು ಅಂದರೆ ಸುಳ್ಳು, ಪ್ಯಾರಾವೇ ಅದನ್ನು ಅಲ್ಲಗಳೆಯುತ್ತದೆ. ಹಳೇ ಸದಸ್ಯರೂ ಭಾನುವಾರವೇ ಬರತೊಡಗಿದರು ಅಂದರೆ ಮಾಹಿತಿ ಸಾಲದು, ಅವರ ಸುದ್ದಿಯೇ ಇಲ್ಲಿಲ್ಲ. ಭಾನುವಾರ ತೆರೆಯದಿದ್ದರೆ ಇಷ್ಟು ಜನ ಸೇರುತ್ತಿರಲಿಲ್ಲ ಅಂದರೆ? ಪ್ಯಾರಾ ಹಾಗೆ ಹೇಳಿಲ್ಲ. ಆದರೆ ವಾರವಿಡೀ ದುಡಿಯುವವರಿಗೆ ಬಿಡುವು ಸಿಗುವುದು ಭಾನುವಾರ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ಬಹುಶಃ ನಿಜ. ಐದು ಭಾಗಗಳಲ್ಲಿ ಲೋಕಜ್ಞಾನವನ್ನು ಬಳಸಲು ಬಾಯಿಬಿಟ್ಟು ಹೇಳುವುದು ಇಲ್ಲಿ ಮಾತ್ರ, ಅದೂ ಸರಿಸುಮಾರು ಎಲ್ಲರಿಗೂ ಗೊತ್ತಿರುವಂಥದ್ದನ್ನು. ಹಳೆಯ ಎವಿಡೆನ್ಸ್ ಆಕ್ಟಿನ 57ನೇ ಸೆಕ್ಷನ್ನಿನಲ್ಲಿ ಓದಿದ್ದ ಜುಡಿಶಿಯಲ್ ನೋಟೀಸ್ ನನಗೆ ನೆನಪಾದದ್ದು ಇದನ್ನು ಕಂಡಾಗ. ಸಾಬೀತು ಮಾಡಬೇಕಿಲ್ಲದ ಸಂಗತಿಗಳಿಗೆ ಕೋರ್ಟು ಕೊಡುವ ವಿನಾಯಿತಿ ಅದು. ಗ್ರಂಥಾಲಯಗಳ ಬಗ್ಗೆ ನಾನು ಎಲ್ಲೋ ಓದಿದ ಸಮೀಕ್ಷೆಗೆ ಆ ವಿನಾಯಿತಿ ಸಿಗುವುದಿಲ್ಲ.

ಈಗ ಇದೇ ಪ್ಯಾರಾ, ಇದೇ ಮಾತು ಇಂಟರ್‌ಪ್ರಿಟೇಶನ್ ಭಾಗದಲ್ಲಿ ಬಂತು ಅಂದುಕೊಳ್ಳಿ. ಅಲ್ಲಿ ಎರಡೇ ಆಯ್ಕೆ: ತೀರ್ಮಾನ ಹೊರಡುತ್ತದೆ, ಹೊರಡುವುದಿಲ್ಲ. ಅಳತೆಗೋಲು ಸಂಶಯಾತೀತವಾಗಿ, ಅಂದರೆ ನಮ್ಮ ಕ್ರಿಮಿನಲ್ ಕೇಸುಗಳ ಅಳತೆಗೋಲೇ. ಗ್ರಂಥಾಲಯ ಅದೇ ವರ್ಷ ಫೀಸು ಇಳಿಸಿರಬಹುದು, ಸಂಜೆಯ ಸಮಯ ಹೆಚ್ಚಿಸಿರಬಹುದು, ಅವರು ಆಗಲೂ ಸೇರುತ್ತಿದ್ದರೇನೋ. ಸಂಶಯಕ್ಕೆ ಸಕಾರಣವಿದೆ, ಹಾಗಾಗಿ ಹೊರಡುವುದಿಲ್ಲ. ಮೇಲೆ ಬಹುಶಃ ನಿಜ ಆಗಿದ್ದದ್ದು ಇಲ್ಲಿ ಬಿದ್ದುಹೋಯಿತು. ಸಿವಿಲ್ ಕೋರ್ಟಿನಲ್ಲಿ ಗೆಲ್ಲುವ ಸಾಕ್ಷ್ಯ ಕ್ರಿಮಿನಲ್ ಕೇಸಿನ ಸೆಷನ್ಸ್ ಕೋರ್ಟಿನಲ್ಲಿ ಸಾಲದೆ ಹೋಗುವ ಹಾಗೆ. ಇದು ಹೊಳೆದ ಮೇಲೆ ನನ್ನ ತಯಾರಿಯ ದಿಕ್ಕೇ ಬದಲಾಯಿತು.

ಡಿಡಕ್ಷನ್ ಬಗ್ಗೆ ಹೇಳುವುದು ಕಡಿಮೆ. ಅಲ್ಲಿ ಸಂಭವಕ್ಕೂ ಜಾಗವಿಲ್ಲ, ಸಂಶಯಕ್ಕೂ ಇಲ್ಲ. ಕೊಟ್ಟ ಎರಡು ಸಾಲಿನಿಂದ ಮೂರನೆಯದು ಬಂದೇ ಬರಬೇಕು. ಎಲ್ಲ ಟ್ರೈನಿಗಳೂ ಪರೀಕ್ಷೆ ಪಾಸಾದವರು, ಪಾಸಾದವರಲ್ಲಿ ಕೆಲವರಿಗೆ ಫ್ರೆಂಚ್ ಬರುತ್ತದೆ, ಆದ್ದರಿಂದ ಕೆಲವು ಟ್ರೈನಿಗಳಿಗೆ ಫ್ರೆಂಚ್ ಬರುತ್ತದೆ ಅನ್ನುವುದು ನಿಲ್ಲುವುದಿಲ್ಲ. ಫ್ರೆಂಚ್ ಬಲ್ಲವರೆಲ್ಲ ಟ್ರೈನಿ ಅಲ್ಲದವರೇ ಇರಬಹುದು. ಹಾಳೆಯ ಮೇಲೆ ಒಂದರೊಳಗೊಂದು ಸುತ್ತು ಹಾಕಿದರೆ ಕಣ್ಣಿಗೇ ಕಾಣುತ್ತದೆ. ಎಚ್ಚರ ಬೇಕಾದದ್ದು 'ಕೆಲವು' ಬಂದಾಗ. ತರ್ಕದಲ್ಲಿ ಅದು ಕನಿಷ್ಠ ಒಂದು, ಎಲ್ಲವೂ ಆಗಿರಬಹುದು. 'ಕೆಲವರು ಪಾಸಾದರು' ಅಂದಮಾತ್ರಕ್ಕೆ ಉಳಿದವರು ಫೇಲಾದರು ಅಂತ ಆಗುವುದಿಲ್ಲ.

ಇನ್ನು ಉಳಿದ ಎರಡು ಭಾಗ, ಅಸಂಪ್ಷನ್ ಮತ್ತು ಆರ್ಗ್ಯುಮೆಂಟ್. 40 ಪ್ರಶ್ನೆಗಳ ರೂಪದಲ್ಲಿ ಇವಕ್ಕೆ 12, 12 ಪ್ರಶ್ನೆ ಇರುತ್ತವೆ, ಮಿಕ್ಕ ಮೂರು ಭಾಗಕ್ಕೆ ಸೇರಿಸಿ 16. ಅರ್ಧಕ್ಕಿಂತ ಹೆಚ್ಚು ಅಂಕ ಇಲ್ಲೇ ಇದೆ. ಆದರೂ ಇನ್‌ಫರೆನ್ಸ್ ಕಷ್ಟ ಅಂತ ಜನ ಇಡೀ ಸಮಯವನ್ನು ಅದಕ್ಕೇ ಸುರಿಯುತ್ತಾರೆ.

ಅಸಂಪ್ಷನ್ ಅಂದರೆ ಮಾತಾಡಿದವರು ಬಾಯಿಬಿಟ್ಟು ಹೇಳದೆ ನಿಜ ಅಂತ ಹಿಡಿದುಕೊಂಡದ್ದು. ಅದಕ್ಕೆ ಒಂದು ಗಟ್ಟಿ ಉಪಾಯವಿದೆ: ಉಲ್ಟಾ ಮಾಡಿ ನೋಡುವುದು. "ನಾಳೆ ಟ್ರೈನ್ ಮುಷ್ಕರ, ಅದಕ್ಕೆ ಸಂದರ್ಶನಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ" ಅಂತ ಒಬ್ಬಳು ಹೇಳಿದಳು ಅನ್ನಿ. ನಾಳೆ ಬಸ್ಸು ಓಡುತ್ತದೆ ಅಂತ ಅವಳು ಹಿಡಿದುಕೊಂಡಿದ್ದಾಳೆಯೇ? ಬಸ್ಸು ಓಡುವುದಿಲ್ಲ ಅಂತ ಮಾಡಿ ನೋಡಿ, ಅವಳ ಮಾತು ಕುಸಿಯುತ್ತದೆ. ಹಾಗಾದರೆ ಹಿಡಿದುಕೊಂಡಿದ್ದಾಳೆ. ಬಸ್ಸು ಟ್ರೈನಿಗಿಂತ ಅಗ್ಗ ಅಂತ ಹಿಡಿದುಕೊಂಡಿದ್ದಾಳೆಯೇ? ಬಸ್ಸೇ ದುಬಾರಿ ಅಂದರೂ ಅವಳ ಮಾತಿಗೆ ಏನೂ ಆಗುವುದಿಲ್ಲ. ಹಾಗಾದರೆ ಇಲ್ಲ. ಇಂಗ್ಲೆಂಡಿನಲ್ಲಿ ಬಸ್ಸು ಅಗ್ಗ ಅನ್ನುವುದು ನಿಮಗೆ ಜೇಬಿನಿಂದಲೇ ಗೊತ್ತಿರಬಹುದು. ಆದರೆ ಅವಳು ಅದನ್ನು ನೆಚ್ಚಿ ಮಾತಾಡಿಲ್ಲ.

ಆರ್ಗ್ಯುಮೆಂಟ್ ಭಾಗದಲ್ಲಿ ವಕೀಲಿಕೆ ಬಲ್ಲವರಿಗೇ ಹೆಚ್ಚು ಅಪಾಯ. ವಾದ ಕಂಡರೆ ಮರುವಾದ ಹೂಡುವುದು ನಮ್ಮ ಕಸುಬು, ಇಲ್ಲಿ ಅದನ್ನೇ ಮಾಡಬಾರದು. ಕೊಟ್ಟ ವಾದವನ್ನು ನಿಜ ಅಂತ ಒಪ್ಪಿಕೊಂಡು ಎರಡೇ ವಿಷಯ ನೋಡಬೇಕು: ಅದು ಪ್ರಶ್ನೆಗೆ ನೇರವಾಗಿ ತಾಗುತ್ತದೆಯೇ, ತಾಗಿದರೆ ತೂಕ ಇದೆಯೇ. ಎಲ್ಲ ಕೋರ್ಟುಗಳ ಕಲಾಪವನ್ನೂ ನೇರ ಪ್ರಸಾರ ಮಾಡಬೇಕೆ ಅಂತ ಪ್ರಶ್ನೆ ಇದೆ ಅನ್ನಿ. ಕರ್ನಾಟಕ ಹೈಕೋರ್ಟಿನ ಕಲಾಪವನ್ನು ಯೂಟ್ಯೂಬಿನಲ್ಲಿ ನೋಡಿ ವಾದ ಮಾಡುವ ರೀತಿ ಕಲಿತವಳು ನಾನು, ಪ್ರಸಾರ ಬೇಕು ಅನ್ನುವ ಪಕ್ಷ. "ಬೇಕು, ಬೇರೆ ದೇಶಗಳಲ್ಲೂ ಮಾಡುತ್ತಾರೆ" ಅನ್ನುವುದು ನನ್ನ ಪಕ್ಷದ್ದೇ ಆದರೂ ದುರ್ಬಲ. ಅವರು ಮಾಡಿದರೆ ನಾವೇಕೆ ಮಾಡಬೇಕು ಅನ್ನುವುದಕ್ಕೆ ಅದು ಉತ್ತರ ಕೊಡುವುದಿಲ್ಲ. "ಬೇಡ, ಕ್ಯಾಮೆರಾಗೆ ಹೆದರಿ ಸಾಕ್ಷಿಗಳು ಮುಂದೆ ಬರದೆ ಹೋದರೆ ನ್ಯಾಯ ಸಿಗುವುದು ಕಷ್ಟ" ಅನ್ನುವುದು ಪ್ರಬಲ. ಸಾಕ್ಷಿಯ ಮುಖ ಮರೆಮಾಡಬಹುದಲ್ಲ ಅಂತ ನನ್ನ ನಾಲಿಗೆ ತುರಿಸುತ್ತದೆ. ಅದನ್ನು ಕಚ್ಚಿ ಹಿಡಿದು 'ಪ್ರಬಲ' ಒತ್ತಬೇಕು. ಆರ್ಡರ್ 7 ರೂಲ್ 11: ರಸೀದಿ ಆಮೇಲೆ.

ಓದುವ ಕ್ರಮ ಸರಳವಾಗಿತ್ತು. ಮೊದಲು ಸಮಯ ಇಟ್ಟುಕೊಳ್ಳದೆ ಒಂದೊಂದೇ ಭಾಗ. ಪರೀಕ್ಷೆಯನ್ನು ಹೊರತರುವ ಪಿಯರ್ಸನ್‌ನವರ ಮಾದರಿ ಪ್ರಶ್ನೆಗಳನ್ನೂ ಪ್ರತಿ ಭಾಗದ ಸೂಚನೆಗಳನ್ನೂ ಬಾಯಿಪಾಠ ಆಗುವಷ್ಟು ಓದಿದೆ. ಸೂಚನೆಗಳನ್ನು ಯಾರೂ ಓದುವುದಿಲ್ಲ, ನಿಯಮ ಇರುವುದೇ ಅಲ್ಲಿ. ಖಾಸಗಿಯವರು ಮಾರುವ ಮಾಕ್‌ಗಳ ಬಗ್ಗೆ ಹುಷಾರು. ಕೆಲವುಗಳ ಉತ್ತರ ಪಟ್ಟಿಯೇ ನಿಯಮಕ್ಕೆ ವಿರುದ್ಧವಾಗಿರುತ್ತದೆ. ದುಡ್ಡು ಕೊಡುವ ಮೊದಲು ನಿಮ್ಮ ಯೂನಿವರ್ಸಿಟಿಯ ಕೆರಿಯರ್ಸ್ ವಿಭಾಗವನ್ನು ಕೇಳಿ, ಹಲವು ಕಡೆ ವಿದ್ಯಾರ್ಥಿಗಳಿಗೆ ಅಭ್ಯಾಸದ ಟೆಸ್ಟು ಪುಕ್ಕಟೆ.

ತಪ್ಪಾದ ಪ್ರತಿ ಉತ್ತರಕ್ಕೂ ಒಂದು ನೋಟ್‌ಬುಕ್ಕಿನಲ್ಲಿ ಕಾರಣ ಬರೆಯುತ್ತಿದ್ದೆ, ಅಂಕ ಬರೆಯುತ್ತಿರಲಿಲ್ಲ. ಕಾರಣಗಳು ಕೊನೆಗೆ ಮೂರೇ ಬಗೆಯವು ಅಂತ ಕಂಡಿತು. ಒಂದು, ಹೊರಗಿನ ಸಂಗತಿ ಒಳಗೆ ತಂದದ್ದು. ಎರಡು, ಎಲ್ಲ, ಹೆಚ್ಚಿನ, ಕೆಲವು, ಮಾತ್ರ ಇಂಥ ಪದಗಳ ಮೇಲೆ ಕಣ್ಣು ಜಾರಿದ್ದು. ಮೂರು, ನನಗೆ ಒಪ್ಪಿಗೆಯಾದ ಮಾತಿಗೆ ರಿಯಾಯಿತಿ ಕೊಟ್ಟದ್ದು. ಈ ಪರೀಕ್ಷೆಯ ಬೇರು ಮನಶ್ಶಾಸ್ತ್ರಜ್ಞ ಗುಡ್‌ವಿನ್ ವಾಟ್ಸನ್ 1925ರಲ್ಲಿ ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಮಾಡಿದ ಕೆಲಸದಲ್ಲಿದೆ. ಅವರು ಅಳೆಯಲು ಹೊರಟದ್ದು ಜನ ಎಷ್ಟು ಪಕ್ಷಪಾತವಿಲ್ಲದೆ ಯೋಚಿಸುತ್ತಾರೆ ಅನ್ನುವುದನ್ನು. ನನ್ನ ಮೂರನೇ ಬಗೆಯ ತಪ್ಪು ವಲಸೆ, ಧರ್ಮ, ತೆರಿಗೆಯ ಪ್ರಶ್ನೆಗಳಲ್ಲೇ ಗುಂಪುಗೂಡಿದ್ದು ಕಂಡಾಗ, ನೂರು ವರ್ಷದ ಹಿಂದಿನ ಆ ಮೇಷ್ಟ್ರು ಹುಡುಕುತ್ತಿದ್ದದ್ದು ನನ್ನಂಥವರನ್ನೇ ಅನ್ನಿಸಿತು.

ಗಡಿಯಾರ ಇಟ್ಟುಕೊಂಡದ್ದು ಇದೆಲ್ಲ ಆದ ಮೇಲೆ. ಸರಾಸರಿ ಲೆಕ್ಕದಲ್ಲಿ ಒಂದು ಪ್ರಶ್ನೆಗೆ 45 ಸೆಕೆಂಡ್, ಆದರೆ ಸಮನಾಗಿ ಹಂಚುವುದು ದಡ್ಡತನ. ಅಸಂಪ್ಷನ್‌ಗಳನ್ನು ಬೇಗ ಮುಗಿಸಿ, ಉಳಿಸಿದ ಸಮಯವನ್ನು ಉದ್ದ ಪ್ಯಾರಾಗಳಿಗೆ ಕೊಡುತ್ತಿದ್ದೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಇಂಗ್ಲಿಷ್ ಪ್ಯಾರಾ ಓದುತ್ತಾ ಮನಸ್ಸಿನಲ್ಲಿ ಕನ್ನಡದಲ್ಲೇ ಕೇಳಿಕೊಳ್ಳುತ್ತಿದ್ದೆ: "ಇದು ಅಲ್ಲಿದ್ಯಾ, ನಾನು ಅಂದ್ಕೊಂಡಿದ್ದಾ?" ಪಕ್ಕದ ರೂಮಿನ ಹುಡುಗಿಗೆ ನಾನು ಯಾರ ಜೊತೆಗೋ ಜಗಳ ಆಡುತ್ತಿದ್ದೇನೆ ಅನ್ನಿಸಿತ್ತಂತೆ.

ಫಲಿತಾಂಶ ಬರುವುದು ಪರ್ಸೆಂಟೈಲ್ ಲೆಕ್ಕದಲ್ಲಿ. ನೀವು ಎಷ್ಟು ಸರಿ ಮಾಡಿದಿರಿ ಅನ್ನುವುದಕ್ಕಿಂತ ಹೋಲಿಕೆಯ ಗುಂಪಿನಲ್ಲಿ ಎಷ್ಟು ಜನಕ್ಕಿಂತ ಮೇಲಿದ್ದೀರಿ ಅನ್ನುವುದು ಮುಖ್ಯ. ಕಟ್-ಆಫ್ ಎಷ್ಟು ಅಂತ ಫರ್ಮುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಕೆಲವು ಫರ್ಮುಗಳು ಅಸೆಸ್‌ಮೆಂಟ್ ಸೆಂಟರಿನಲ್ಲಿ, ಅಂದರೆ ಮುಂದಿನ ಸುತ್ತಿನ ಆಯ್ಕೆಗೆ ಕರೆದಾಗ, ಎದುರಿಗೇ ಕೂರಿಸಿ ಮತ್ತೆ ಬರೆಸುತ್ತವೆ, ಆದ್ದರಿಂದ ಮೊದಲ ಸಲ ಸ್ನೇಹಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾಟುವ ಯೋಚನೆ ಬಿಟ್ಟುಬಿಡಿ.

ಇದರಲ್ಲಿ ಗೆದ್ದವರು ಒಳ್ಳೆಯ ವಕೀಲರಾಗುತ್ತಾರೆ ಅಂತ ನಾನೇನೂ ನಂಬುವುದಿಲ್ಲ. ನನ್ನ ಸೀನಿಯರ್ ಪಾಟೀಸವಾಲು ಮಾಡುವ ಬಗೆಯನ್ನು ಯಾವ ಮಲ್ಟಿಪಲ್ ಚಾಯ್ಸೂ ಅಳೆಯಲಾರದು. ಆದರೆ ಈಗ ಟ್ರೈನಿಯಾಗಿ ಕಂಪನಿ ಮಾರಾಟದ ಡ್ಯೂ ಡಿಲಿಜೆನ್ಸ್ (ಕೊಳ್ಳುವ ಮೊದಲು ದಾಖಲೆಗಳ ಪರಿಶೀಲನೆ) ರಿಪೋರ್ಟ್ ಬರೆಯುವಾಗ ಕೆಲಸಕ್ಕೆ ಬರುವುದು ಅದೇ ಗುಣ. ಲೀಸಿನಲ್ಲಿ ಬಾಡಿಗೆ ಏರಿಸುವ ಕಲಂ ಕಾಣದಿದ್ದರೆ, ನಾವು ನೋಡಿದ ದಾಖಲೆಗಳಲ್ಲಿ ಅಂಥ ಕಲಂ ಇಲ್ಲ ಅಂತ ಬರೆಯಬೇಕು. ಬಾಡಿಗೆ ಏರುವುದಿಲ್ಲ ಅಂತ ಬರೆದರೆ ಸೂಪರ್‌ವೈಸರ್ ಕೆಂಪು ಗೆರೆ ಎಳೆಯುತ್ತಾರೆ.

ಕೊನೆಗೆ, ಲಿಂಕ್ ತೆರೆಯುವ ಮೊದಲೇ ಮಾಡಬೇಕಾದ ಎರಡು ಕೆಲಸ. ನಿಮಗೆ ವೀಸಾ ಬೇಕಾಗಿದ್ದರೆ ಆ ಫರ್ಮು ಸ್ಕಿಲ್ಡ್ ವರ್ಕರ್ ವೀಸಾಗೆ ಸ್ಪಾನ್ಸರ್ ಮಾಡುತ್ತದೆಯೇ ಅಂತ ವಿಚಾರಿಸಿಕೊಳ್ಳಿ. ಡಿಸ್‌ಲೆಕ್ಸಿಯಾ ಇದ್ದರೆ, ಕಣ್ಣಿನ ತೊಂದರೆ ಇದ್ದರೆ ಹೆಚ್ಚಿನ ಸಮಯ ಕೇಳಿ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಸೂಕ್ತ ಅನುಕೂಲ ಮಾಡಿಕೊಡುವುದು ಅವರ ಹೊಣೆ. ಕೇಳಿದರೆ ಎಲ್ಲಿ ಕಡಿಮೆ ಅಂದುಕೊಳ್ಳುತ್ತಾರೋ ಅಂತ ನಮ್ಮ ಹುಡುಗರು ಸುಮ್ಮನಿರುತ್ತಾರೆ. ಗ್ರಾಜುಯೇಟ್ ರಿಕ್ರೂಟ್‌ಮೆಂಟ್‌ನವರಿಗೆ ಎರಡು ಸಾಲಿನ ಮೇಲ್ ಸಾಕು, ಆದರೆ ಪರೀಕ್ಷೆ ಶುರುಮಾಡಿದ ಮೇಲೆ ಕಳಿಸಿದರೆ ಪ್ರಯೋಜನವಿಲ್ಲ.