ಸುಣ್ಣ ಬಳಿಯದ ಗೋಡೆಯ ಮೇಲೆ ಏಳು ನರಕ

ಮುರಕಲ್ಲಿನ (ತೂತು ತೂತಾದ ಕೆಂಪು ಜಂಬಿಟ್ಟಿಗೆಯ) ಗೋಡೆಯ ಮೇಲೆ ಪ್ರೊಜೆಕ್ಷನ್ ಮ್ಯಾಪಿಂಗ್, ಅಂದರೆ ಗೋಡೆಯ ಆಕಾರಕ್ಕೆ ಸರಿಯಾಗಿ ಕೂರುವ ಹಾಗೆ ಚಿತ್ರ ಬೀಳಿಸುವುದು, ಆಗುವುದಿಲ್ಲ ಅಂತ ಹೇಳದವರೇ ಇರಲಿಲ್ಲ. "ಮೊದಲು ಸುಣ್ಣ ಬಳಿಸಿ, ಆಮೇಲೆ ಹತ್ತು ಸಾವಿರ ಲ್ಯುಮೆನ್ಸ್ ಬೆಳಕಿನ ಪ್ರೊಜೆಕ್ಟರ್ ಮಷಿನ್ ತರಿಸಿ" ಎಂದರು. ನಾನು ಕೇಳಿ ತರಿಸಿಕೊಂಡ ಒಂದು ಕೊಟೇಶನ್ ಒಂಬತ್ತು ಲಕ್ಷದ ಹತ್ತಿರ ಇತ್ತು. ನನ್ನ ಕೆಲಸ ಎಲ್ಲ ಸೇರಿ ಎರಡು ಲಕ್ಷದೊಳಗೆ ಮುಗಿಯಿತು. ಸುಣ್ಣ ಬಳಿಯಲಿಲ್ಲ.

ಜಾಗ ಮಂಗಳೂರಿನ ಹತ್ತಿರ ಮುಚ್ಚಿಹೋದ ಒಂದು ಹೆಂಚಿನ ಕಾರ್ಖಾನೆಯ ಶೆಡ್ಡು. ಗಾರೆ ಇಲ್ಲದ ಉದ್ದನೆಯ ಗೋಡೆ, ಕಂಬದಿಂದ ಕಂಬಕ್ಕೆ ಏಳು ಅಂಕಣ. ಗೋಡೆಗೆ ಬಣ್ಣ ತಾಗಿಸಬಾರದು ಎಂಬುದು ಮಾಲೀಕರ ಷರತ್ತು. ಏಳು ಅಂಕಣ ನೋಡಿದ ಕೂಡಲೇ ವಿಷಯವೂ ಸಿಕ್ಕಿತು.

ನರಕ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗರುಡ ಪುರಾಣದ ಕುಂಭೀಪಾಕ, ಅಸಿಪತ್ರವನ. ನಾನು ಹಿಡಿದದ್ದು ಜೈನರ ಏಳು ನರಕಭೂಮಿಗಳನ್ನು. ಒಂದರ ಕೆಳಗೊಂದು ಇರುವ ಇವುಗಳಲ್ಲಿ ಒಂದೊಂದರ ಕಾಂತಿ ಒಂದೊಂದು ಥರ. ರತ್ನಪ್ರಭೆ, ಶರ್ಕರಾಪ್ರಭೆ, ವಾಲುಕಾಪ್ರಭೆ, ಪಂಕಪ್ರಭೆ, ಧೂಮಪ್ರಭೆ, ತಮಃಪ್ರಭೆ, ಮಹಾತಮಃಪ್ರಭೆ. ರತ್ನದಿಂದ ಶುರುವಾಗಿ ಹರಳುಕಲ್ಲು, ಮರಳು, ಕೆಸರು, ಹೊಗೆ ದಾಟಿ ಗಾಢ ಕತ್ತಲೆಗೆ ಇಳಿಯುತ್ತದೆ. ಲೈಟಿಂಗ್ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಕ್ಯೂ ಶೀಟ್ (ಯಾವಾಗ ಯಾವ ಬೆಳಕು ಎಂಬ ಪಟ್ಟಿ) ಬೇಕಾ? ಮೇಲಿನವು ವಿಪರೀತ ಬಿಸಿ, ಕೊನೆಯ ಎರಡು ವಿಪರೀತ ಚಳಿ. ನನಗೆ ತಲೆನೋವು ತಂದದ್ದು ಈ ಚಳಿಯೇ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಪ್ಪಿನ ವಿಷಯ. ಅಗ್ಗದ ಪ್ರೊಜೆಕ್ಟರ್ ಎಷ್ಟು ಕಪ್ಪು ಕೊಟ್ಟರೂ ಬೂದು ಚೌಕ ಗೋಡೆಯ ಮೇಲೆ ಕಂಡೇ ಕಾಣುತ್ತದೆ. ಬಿಳಿ ಗೋಡೆಯಲ್ಲಿ ಅದು ಎದ್ದು ಕಾಣುತ್ತದೆ, ನರಕ ಹೋಗಿ ಪವರ್‌ಪಾಯಿಂಟ್ ಆಗುತ್ತದೆ. ಮುರಕಲ್ಲು ಆ ಬೂದನ್ನು ನುಂಗಿಹಾಕುತ್ತದೆ. ಬೆಳಕಿನಲ್ಲಿ ಕಾಲು ಭಾಗವೂ ವಾಪಸ್ ಬರುವುದಿಲ್ಲ, ನಿಜ. ಆದರೆ ಶೆಡ್ಡಿನ ಬಿರುಕಿಗೆಲ್ಲ ಟಾರ್ಪಾಲು ಹೊಡೆದರೆ ಉಳಿದದ್ದೇ ಸಾಕು. ಲ್ಯುಮೆನ್ಸ್‌ಗೆ ಸುರಿಯುವ ದುಡ್ಡಿನ ಇಪ್ಪತ್ತರಲ್ಲೊಂದು ಪಾಲನ್ನು ಟಾರ್ಪಾಲಿಗೆ ಹಾಕಿ ಅಂತ ನಾನು ಈಗಲೂ ಹೇಳುತ್ತೇನೆ.

ಮಷಿನ್ ನಾಲ್ಕು. ಎಲ್ಲ ಸೆಕೆಂಡ್ ಹ್ಯಾಂಡ್, ಲ್ಯಾಂಪಿನವು, ಮೂರು ಸಾವಿರ ಚಿಲ್ಲರೆ ಲ್ಯುಮೆನ್ಸ್. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ಸಾವಿರ ಕೊಟ್ಟಿರಬೇಕು. ಮೂರಕ್ಕೆ ಎರಡೆರಡು ಅಂಕಣ, ಕೊನೆಯದಕ್ಕೆ ಒಂದೇ. ಕರೆಂಟು ಫಟ್ಟಂತ ಹೋದರೆ ಲ್ಯಾಂಪು ತಣಿಯದೆ ಬೇಗ ಸಾಯಬಹುದು, ಅದಕ್ಕೇ ಎಲ್ಲಕ್ಕೂ ಯುಪಿಎಸ್. ಅದರ ಖರ್ಚು ಮಷಿನ್ನಿನ ಅರ್ಧಕ್ಕೆ ಬಂತು.

ಮ್ಯಾಪಿಂಗ್‌ಗೆ ಕ್ಯಾಮೆರಾ ಇಟ್ಟು, ಪಟ್ಟೆ ಪಟ್ಟೆ ಚಿತ್ರ ಬೀಳಿಸಿ ಗೋಡೆಯ ಆಕಾರ ಅಳೆಯುವ ಗ್ರೇ ಕೋಡ್ ಸ್ಕ್ಯಾನ್ ಮಾಡಿ ನೋಡಿದೆ. ಮುರಕಲ್ಲಿನ ತೂತುಗಳಿಂದಾಗಿ ಅಳತೆಯೆಲ್ಲ ಬರೀ ಕಸವಾಗಿ ಬಂತು. ಕೊನೆಗೆ ಕೈಯಲ್ಲೇ ಬಿಡಿಸಿದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ತೆರೆದು, ಅದನ್ನೇ ಪ್ರೊಜೆಕ್ಟರಿಗೆ ಕೊಟ್ಟು, ಗೋಡೆಯ ಮೇಲೆ ಓಡುವ ಕರ್ಸರ್ ನೋಡಿಕೊಂಡು ಒಂದೊಂದು ಕಲ್ಲಿನ ಸುತ್ತ ಗೆರೆ ಎಳೆದೆ. ಐನೂರು ಆರುನೂರು ಕಲ್ಲು ಇರಬೇಕು. ಪ್ರೊಜೆಕ್ಟರ್ ತಾನೇ ಚಿತ್ರದ ಓರೆ ತಿದ್ದುವ ಕೀಸ್ಟೋನ್ ಪೂರ್ತಿ ಆಫ್. ಬೇಸರದ ಕೆಲಸ, ಆದರೆ ಇದರಷ್ಟು ನಿಖರವಾಗಿ ಬೇರೆ ಯಾವುದೂ ಕೂರಲಿಲ್ಲ. ಚಿತ್ರ ಓಡಿಸುವ ತಂತ್ರಾಂಶ ಟಚ್‌ಡಿಸೈನರಿನ ಉಚಿತ ಆವೃತ್ತಿಯಲ್ಲಿ 1280×1280 ಪಿಕ್ಸೆಲ್‌ಗಿಂತ ಮೇಲೆ ಹೋಗಲು ಬಿಡುವುದಿಲ್ಲ. ನನ್ನ ಮಷಿನ್ನುಗಳ ಅಗಲವೂ ಅಷ್ಟೇ, ಹಾಗಾಗಿ ನಷ್ಟವಾಗಲಿಲ್ಲ. ಟಿಕೆಟ್ ಇಡುವುದೆಂದು ನಿರ್ಧಾರವಾದ ಮೇಲೆ ಮಾತ್ರ ಲೈಸೆನ್ಸಿಗೆ ದುಡ್ಡು ಕಟ್ಟಬೇಕಾಯಿತು.

ಕಾಟ ಕೊಟ್ಟದ್ದು ಎರಡು. ಒಂದು ಕೆಂಪು ಧೂಳು. ಫಿಲ್ಟರ್ ಕಟ್ಟಿಕೊಂಡು ಮಷಿನ್ ಬಿಸಿಯಾಗಿ ಶೋ ನಡುವೆ ಆಫ್ ಆಗುತ್ತಿತ್ತು. ದಿನಾ ಬ್ಲೋವರ್ ಹೊಡೆಯುವುದೇ ದಾರಿ. ಇನ್ನೊಂದು ಮರದ ಸ್ಟ್ಯಾಂಡು. ಕರಾವಳಿಯ ತೇವಕ್ಕೆ ರೀಪು ಉಬ್ಬಿ, ಬೆಳಿಗ್ಗೆ ಕೂಡಿಸಿದ ಚಿತ್ರ ಸಂಜೆಗೆ ನಾಲ್ಕೈದು ಪಿಕ್ಸೆಲ್ ಜರುಗಿರುತ್ತಿತ್ತು. ಕಬ್ಬಿಣದ ಬ್ರಾಕೆಟ್ ಮಾಡಿಸಿ ಕಂಬಕ್ಕೆ ಬಿಗಿದ ಮೇಲೆ ನಿಂತಿತು. ಚಿತ್ರ ಎಲ್ಲಿವರೆಗೆ ಬೀಳಬೇಕೆಂದು ಕತ್ತರಿಸುವ ಮಾಸ್ಕಿನ ಅಂಚನ್ನು ಕಲ್ಲಿನ ಮಧ್ಯಕ್ಕೆ ತರಬೇಡಿ, ಸಂದಿಗೇ ಬಿಡಿ. ಸ್ವಲ್ಪ ಜರುಗಿದರೂ ಗೊತ್ತಾಗುವುದಿಲ್ಲ.

ಚಿತ್ರಗಳಿಗೆ ರೆಡಿಮೇಡ್ ಸಿಗುವ ಸ್ಟಾಕ್ ಬೆಂಕಿಯ ವಿಡಿಯೋ ತೆಗೆದುಕೊಳ್ಳಲಿಲ್ಲ. ಅದು ಎಲ್ಲಿ ನೋಡಿದರೂ ಒಂದೇ ಥರ ಇರುತ್ತದೆ. ತೆಂಗಿನ ಚಿಪ್ಪಿನ ಕೆಂಡವನ್ನು ಹತ್ತಿರದಿಂದ ಚಿತ್ರೀಕರಿಸಿ ವೇಗ ಇಳಿಸಿದೆ, ಅದು ಮೊದಲ ಮೂರು ಅಂಕಣಕ್ಕೆ ಬಂತು. ಕೆಸರಿಗಾಗಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕ್ಯಾಮೆರಾ ಇಟ್ಟೆ. ಕುದಿಯುವ ಚೊಗರು (ಅಡಿಕೆ ಬೆಂದ ಕೆಂಗಂದು ನೀರು) ಗೋಡೆಯ ಮೇಲೆ ಬಿದ್ದಾಗ ಕಲ್ಲೇ ಕರಗಿ ಇಳಿದ ಹಾಗೆ ಕಂಡಿತು. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು. ಐದನೆಯದರ ಹೊಗೆ ಹೇಗೆ ಮಾಡಿದೆ ಅಂತ ತುಂಬ ಜನ ಕೇಳಿದರು. ಹೊಗೆ ಮಷಿನ್ ಅಲ್ಲ ಅಂತಷ್ಟೇ ಹೇಳುತ್ತೇನೆ.

ಈಗ ಚಳಿ. ಚಳಿಗೆ ನೀಲಿ ಬೇಕು, ಮುರಕಲ್ಲು ನೀಲಿಯನ್ನು ಬಹುಪಾಲು ತಿನ್ನುತ್ತದೆ. ಎಷ್ಟು ನೀಲಿ ಸುರಿದರೂ ಮಣ್ಣಿನ ಕೊಳೆಯಂತೆ ಕಾಣುತ್ತಿತ್ತು. ಆಮೇಲೆ ಗೋಡೆ ಬಿಟ್ಟು ನೋಡುವವರ ಕಣ್ಣಿನ ಮೇಲೆ ಕೆಲಸ ಮಾಡಿದೆ. ಮೊದಲ ಐದು ಅಂಕಣ ದಾಟಲು ಏಳೆಂಟು ನಿಮಿಷ ಬೇಕಾಗುವ ಹಾಗೆ ದಾರಿ ನಿಧಾನ ಮಾಡಿದೆ. ಅಷ್ಟು ಹೊತ್ತು ಕೇಸರಿ ಬೆಳಕಿನಲ್ಲಿ ನಿಂತ ಕಣ್ಣಿಗೆ ಸಪ್ಪೆ ಬೂದು ಕೂಡ ನೀಲಿಯಂತೆ ಕಾಣುತ್ತದೆ. ಬೆಳಕು ತೀರಾ ಮಂದವಾದಾಗ ಕಣ್ಣು ಕೆಂಪನ್ನು ಬಿಟ್ಟು ನೀಲಿ-ಹಸಿರನ್ನೇ ಹಿಡಿಯುತ್ತದೆ. ಬೂದು ಬಣ್ಣಕ್ಕೆ ಎಷ್ಟು ಹಸಿರು ಸೇರಿಸಿದೆ ಎಂಬ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ನೇರವಾಗಿ ಹಿಂಬಾಗಿಲಿನಿಂದ ಆರನೆಯದಕ್ಕೆ ಬಂದ ಒಬ್ಬ ಛಾಯಾಗ್ರಾಹಕರು "ಇದರಲ್ಲಿ ನೀಲಿ ಎಲ್ಲಿದೆ ಮಾರಾಯ್ರೆ?" ಎಂದರು. ಮುಂಬಾಗಿಲಿನಿಂದ ಮತ್ತೆ ಕಳಿಸಿದೆ. ಆಮೇಲೆ ಮಾತಾಡಲಿಲ್ಲ.

ಮೈಗೂ ಚಳಿ ತಾಗಲಿ ಅಂತ ಬಾಡಿಗೆ ಕೂಲರ್ ತಂದದ್ದು ದಂಡ. ನಮ್ಮ ಸೆಕೆಗೆ ಅದು ಬರೀ ಒದ್ದೆ ಗಾಳಿ ಬೀಸಿತು. ಬಂದರಿನ ಐಸ್ ಪ್ಲಾಂಟಿನಿಂದ ದೊಡ್ಡ ಗಡ್ಡೆ ತಂದು ಪೆಡೆಸ್ಟಲ್ ಫ್ಯಾನಿನ ಮುಂದೆ ಇಟ್ಟೆ. ದಿನಕ್ಕೆ ನಾನೂರು ಐನೂರು ರೂಪಾಯಿ. ಜನ ಆಮೇಲೆ ಹೊಗಳಿದ್ದು ನನ್ನ ಅನಿಮೇಶನ್ನಿಗಿಂತ ಆ ಗಾಳಿಯನ್ನೇ ಜಾಸ್ತಿ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ವೈತರಣಿ ಮಾಡೋಣ ಅಂತ ತಗಡಿನ ತೊಟ್ಟಿಯ ನೀರಿಗೆ ಮೇಲಿನಿಂದ ಚಿತ್ರ ಬಿಟ್ಟೆ. ತಿಳಿನೀರಿನಲ್ಲಿ ಬೆಳಕು ನಿಲ್ಲುವುದಿಲ್ಲ. ಹಾಲು ಬೆರೆಸಿದರೆ ಮರುದಿನ ನಾತ, ಸುಣ್ಣ ಬೆರೆಸಿದರೆ ಅರ್ಧ ಗಂಟೆಯಲ್ಲಿ ತಳ ಸೇರುತ್ತದೆ. ಬಿಟ್ಟುಬಿಟ್ಟೆ. ಹತ್ತಿಯ ಸೊಳ್ಳೆಪರದೆ ಮಾತ್ರ ಗೆದ್ದಿತು. ಬಿಳಿಯಾಗಿದ್ದಾಗ ಹಿಂದಿನ ಗೋಡೆಯನ್ನೇ ಮರೆಮಾಡುತ್ತಿತ್ತು. ಸಾಗರದಿಂದ ತಂದ ಚೊಗರಿನಲ್ಲಿ ಅದ್ದಿ ಒಣಗಿಸಿದೆ. ಒಂದೇ ಚಿತ್ರ ಪರದೆಯ ಮೇಲೂ ಹಿಂದಿನ ಕಲ್ಲಿನ ಮೇಲೂ ಬಿದ್ದು ಆಳ ಬಂತು.

ಬಾಣನ ಹರ್ಷಚರಿತೆಯಲ್ಲಿ ಯಮಪಟ ತೋರಿಸುವವನೊಬ್ಬ ಬರುತ್ತಾನೆ. ಸಂತೆಯ ಬೀದಿಯಲ್ಲಿ, ಮಕ್ಕಳ ಗುಂಪಿನ ನಡುವೆ, ಕೋಲಿನಿಂದ ಚಿತ್ರ ತೋರಿಸಿ ಪರಲೋಕದ ಕಥೆ ಹೇಳುತ್ತಾನೆ. ಏಳನೇ ಶತಮಾನದಲ್ಲೇ ನಮ್ಮ ಕಸುಬು ಇತ್ತು ಅನ್ನಿ! ಅದನ್ನು ನೋಡಿ ತಾಳಮದ್ದಳೆಯ ಹಿರಿಯ ಅರ್ಥಧಾರಿಯೊಬ್ಬರ ಕೈಗೆ ಬೆತ್ತ ಕೊಟ್ಟು ನಿಲ್ಲಿಸಿದೆ. ರೆಕಾರ್ಡ್ ಮಾಡಿದ ವಿವರಣೆ ಕಿತ್ತುಹಾಕಿದೆ. ಜನ ನಿಲ್ಲುವ ಹೊತ್ತು ಹೆಚ್ಚಿತು, ನನಗೆ ಬೇಕಿದ್ದ ಆ ಏಳೆಂಟು ನಿಮಿಷವೂ ತಾನಾಗಿ ಸಿಕ್ಕಿತು. ಬೆತ್ತದ ನೆರಳು ಚಿತ್ರದ ಮೇಲೆ ಬಿದ್ದರೂ ಯಾರೂ ದೂರಲಿಲ್ಲ.

ಟಿಕೆಟ್ ಐವತ್ತು ರೂಪಾಯಿ. ದೀಪಾವಳಿ ರಜೆಯಲ್ಲಿ ನೂಕುನುಗ್ಗಲು, ಆಮೇಲೆ ಅಷ್ಟಕ್ಕಷ್ಟೆ. ಹಾಕಿದ ದುಡ್ಡಿನಲ್ಲಿ ಮುಕ್ಕಾಲು ಪಾಲು ಬಾಗಿಲಲ್ಲೇ ಬಂತು. ಎರಡು ಮಷಿನ್ನುಗಳನ್ನು ಮದುವೆ ಹಾಲಿನವರಿಗೆ ಕೊಂಡ ಬೆಲೆಗೇ ಮಾರಿದೆ, ಯುಪಿಎಸ್ ಬಾಡಿಗೆಗೆ ಓಡುತ್ತಿದೆ. ಸುಣ್ಣ ಬಳಿಸಿ ಎಂದಿದ್ದವರಲ್ಲಿ ಒಬ್ಬರು ಈಚೆಗೆ ಫೋನ್ ಮಾಡಿ, ಬ್ರಾಕೆಟ್ ಮಾಡಿಕೊಟ್ಟ ವೆಲ್ಡರಿನ ನಂಬರ್ ತೆಗೆದುಕೊಂಡರು.