ಪೆಲೆಟ್ ಸ್ಮೋಕರ್ ಕೊಳ್ಳುವ ಮುನ್ನ: ಟೆಕ್ಸಾಸ್‌ಗೆ ಹೊಸದಾಗಿ ಬಂದ ಕನ್ನಡದವರಿಗೆ

ಮನೆ ಕೊಂಡ ಮೊದಲ ಬೇಸಿಗೆಯಲ್ಲೇ ಈ ಪ್ರಶ್ನೆ ಬರುತ್ತದೆ. ಶನಿವಾರ ಬೆಳಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದರೆ ಬೇಲಿಯಾಚೆಯಿಂದ ಸೌದೆ ಹೊಗೆಯ ವಾಸನೆ. ಊರಲ್ಲಿ ಬಚ್ಚಲೊಲೆಗೆ ಉರಿ ಹಾಕಿದ ಹೊತ್ತಿನ ವಾಸನೆ. ಆಮೇಲೆ ಪಕ್ಕದ ಮನೆಯವರು ಕರೆದು ಒಂದು ತಟ್ಟೆ ತುಂಬ ಕೊಡುತ್ತಾರೆ, ಸೌದೆ ಹೊಗೆಯಲ್ಲಿ ನಿಧಾನಕ್ಕೆ ಬೇಯಿಸುವ ತಮ್ಮ ಸ್ಮೋಕರ್ ಮೆಷೀನ್ ತೋರಿಸುತ್ತಾರೆ. ವಾರದೊಳಗೆ ನನಗೊಂದು ಫೋನ್. "ಯಾವ ಸ್ಮೋಕರ್ ತಗೊಳ್ಳೋದು ಸಾರ್? ಒಬ್ಬರು ಟ್ರೇಗರ್ ಕಂಪನಿಯದು ತಗೋ ಅಂತಾರೆ. ಇನ್ನೊಬ್ಬರು ಅದೀಗ ಚೈನಾ ಮಾಲು, ಮುಟ್ಟಬೇಡ ಅಂತಾರೆ."

ಡಾಲಸ್ ಕಡೆ ನಾನು ಹದಿನೇಳು ವರ್ಷದಿಂದ ಇದ್ದೇನೆ. ಈಗಿರುವುದು ನನ್ನ ಎರಡನೇ ಪೆಲೆಟ್ ಸ್ಮೋಕರ್. ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಒಮ್ಮೆ ಪೂರ್ತಿ ಬರೆದಿಡುತ್ತೇನೆ.

ಅಪಾರ್ಟ್‌ಮೆಂಟಿನಲ್ಲಿದ್ದರೆ ಈಗಲೇ ಕೊಳ್ಳಬೇಡಿ. ಇಲ್ಲಿನ ಬಹಳಷ್ಟು ಊರುಗಳ ಅಗ್ನಿ ನಿಯಮದ ಪ್ರಕಾರ, ಹಲವು ಮನೆಗಳಿರುವ ಕಟ್ಟಡದ ಮರದ ಬಾಲ್ಕನಿಯಲ್ಲಾಗಲಿ, ಬೆಂಕಿ ಹಿಡಿಯಬಲ್ಲ ಗೋಡೆಯಿಂದ 10 ಅಡಿಯೊಳಗಾಗಲಿ ಬೆಂಕಿ ಹೊತ್ತಿಸಿ ಅಡುಗೆ ಮಾಡುವಂತಿಲ್ಲ. ಲೀಸ್ ಓದಿ, ಆಫೀಸಿನಲ್ಲಿ ಕೇಳಿ. ಸ್ವಂತ ಮನೆಯಾದರೂ ಹಿತ್ತಲ ಬೇಲಿ ಮರದ್ದು ಅನ್ನುವುದು ನೆನಪಿರಲಿ. ಮೆಷೀನನ್ನು ಬೇಲಿಗೆ ಒತ್ತಿ ಇಡಬೇಡಿ.

ಇನ್ನು ಮೆಷೀನ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಿ. ಇದು ಗೊತ್ತಾದರೆ ಅರ್ಧ ಜಾಹೀರಾತು ತಾನಾಗಿಯೇ ಕಳಚಿಬೀಳುತ್ತದೆ. ಪೆಲೆಟ್ ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಸಣ್ಣ ಕಡ್ಡಿ. ಪಕ್ಕದಲ್ಲಿ ಹಾಪರ್ ಅನ್ನುವ ಡಬ್ಬಿ ಇರುತ್ತದೆ, ಪೆಲೆಟ್ ಅದರೊಳಗೆ. ಆಗರ್ ಎಂಬ ತಿರುಪಿನಂಥ ಸರಳು ನಿಧಾನಕ್ಕೆ ತಿರುಗುತ್ತಾ ಪೆಲೆಟ್ಟನ್ನು ಮಧ್ಯದ ಬೆಂಕಿಬಟ್ಟಲಿಗೆ ತಳ್ಳುತ್ತದೆ. ಬಟ್ಟಲಲ್ಲಿ ಇಗ್ನೈಟರ್ ಅನ್ನುವ ಕಡ್ಡಿ ಕೆಂಪಗೆ ಕಾಯ್ದು ಬೆಂಕಿ ಹತ್ತಿಸುತ್ತದೆ. ಒಂದು ಫ್ಯಾನ್ ಗಾಳಿ ಊದುತ್ತದೆ. ಒಳಗಿನ ಬಿಸಿ ನೋಡಿಕೊಂಡು ಎಷ್ಟು ಪೆಲೆಟ್, ಎಷ್ಟು ಗಾಳಿ ಅಂತ ಕಂಟ್ರೋಲರ್ ಲೆಕ್ಕ ಹಾಕುತ್ತದೆ. 400 ಡಾಲರಿನದಾದರೂ ಇಷ್ಟೇ, 2000 ಡಾಲರಿನದಾದರೂ ಇಷ್ಟೇ.

ಕರೆಂಟ್ ಇಲ್ಲದೆ ಇದು ನಡೆಯುವುದಿಲ್ಲ. ಇಲ್ಲಿನದು 120 ವೋಲ್ಟಿನ ಮೆಷೀನ್, ಮುಂದೆ ಊರಿಗೆ ಹೋಗುವಾಗ ಕಟ್ಟಿಕೊಂಡು ಹೋಗುತ್ತೇನೆ ಅಂದುಕೊಳ್ಳಬೇಡಿ.

ಈಗ ಟ್ರೇಗರ್ ತಗೋ, ಮುಟ್ಟಬೇಡ ಅನ್ನುವ ಆ ಜಗಳಕ್ಕೆ ಬರುತ್ತೇನೆ.

ಆರೆಗಾನ್ ರಾಜ್ಯದಲ್ಲಿ ಮೌಂಟ್ ಏಂಜಲ್ ಅನ್ನುವ ಸಣ್ಣ ಊರಿದೆ. ಅಲ್ಲಿನ ಜೋ ಟ್ರೇಗರ್ ಅವರದು ಮನೆ ಬೆಚ್ಚಗಿಡುವ ಒಲೆಗಳ ವ್ಯವಹಾರ. ಅವರು 1980ರ ದಶಕದ ಮಧ್ಯದಲ್ಲಿ ಪೆಲೆಟ್ ಉರಿಸಿ ಅಡುಗೆ ಮಾಡುವ ಗ್ರಿಲ್, ಅಂದರೆ ಇದೇ ಪೆಲೆಟ್ ಸ್ಮೋಕರ್, ಕಟ್ಟಿ ಪೇಟೆಂಟ್ ಪಡೆದರು. ಸುಮಾರು ಇಪ್ಪತ್ತು ವರ್ಷ ಪೆಲೆಟ್ ಗ್ರಿಲ್ ಅಂದರೆ ಟ್ರೇಗರ್ ಅಂತಲೇ ಅರ್ಥ. 2006ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಅದೇ ವರ್ಷ ಟ್ರೇಗರ್ ಕುಟುಂಬದವರು ಕಂಪನಿ ಮಾರಿದರು. 2010ರ ಸುಮಾರಿಗೆ ತಯಾರಿಕೆ ಚೀನಾಕ್ಕೆ ಹೋಯಿತು. ಕಂಪನಿಯ ಕಚೇರಿ ಈಗ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿದೆ. ಪೇಟೆಂಟ್ ಬಿಟ್ಟುಹೋದ ಮೇಲೆ ಪಿಟ್ ಬಾಸ್, ಕ್ಯಾಂಪ್ ಶೆಫ್, ಗ್ರೀನ್ ಮೌಂಟನ್, ರೆಕ್‌ಟೆಕ್ ಹೀಗೆ ಸಾಲುಸಾಲು ಬಂದವು. ಇವುಗಳ ಕಚೇರಿ ಅಮೆರಿಕದಲ್ಲಿ, ತಯಾರಿಕೆ ಹೆಚ್ಚಾಗಿ ಚೀನಾದಲ್ಲಿ. ಇಲ್ಲೇ ಬೆಸುಗೆ ಹಾಕಿ ಕಟ್ಟುವವರೂ ಇದ್ದಾರೆ: ಕ್ಯಾನ್ಸಸ್‌ನ ಹಚಿನ್ಸನ್‌ನಲ್ಲಿ ಯೋಡರ್, ಆರೆಗಾನ್‌ನ ಡಾಲಸ್ ಎಂಬ ಊರಿನಲ್ಲಿ ಮ್ಯಾಕ್, ನಮ್ಮ ಹ್ಯೂಸ್ಟನ್ನಿನಲ್ಲಿ ಪಿಟ್ಸ್ ಅಂಡ್ ಸ್ಪಿಟ್ಸ್.

ಹಾಗಾಗಿ ಪಕ್ಕದ ಮನೆಯವರು "ಮೊದಲಿನ ಟ್ರೇಗರ್ ಬೇರೆ, ಈಗಿನದು ಬೇರೆ" ಅಂದರೆ ಅದರ ಹಿಂದೆ ಒಂದು ನಿಜವಾದ ಕಥೆ ಇದೆ. ಒಂದು ಊರಿನ ಕೈಕೆಲಸ ಅಲ್ಲಿಂದ ಎದ್ದು ಹೋದ ಕಥೆ. ಅಪ್ಪ ಅಥವಾ ಅಣ್ಣ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡಿದ್ದನ್ನು ಕಂಡವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅವರು ಸ್ಮೋಕರ್ ಅಡಿಯ ಲೇಬಲ್ ನೋಡಿ ಮುಖ ಗಂಟಿಕ್ಕಿದರೆ, ಹೊರಗಿನಿಂದ ಬಂದ ನಮಗೇ ಏನೋ ಚುಚ್ಚಿದರು ಅಂತ ಹೊಸಬರಿಗೆ ಅನಿಸುವುದುಂಟು. ನನಗೂ ಮೊದಲು ಅನಿಸಿತ್ತು. ವರ್ಷಗಟ್ಟಲೆ ಅವರ ಜೊತೆ ಬೇಲಿ ಬಳಿ ನಿಂತು ಮಾತಾಡಿದ ಮೇಲೆ ಗೊತ್ತಾಯಿತು, ಆ ಮಾತು ನಮ್ಮ ಕಡೆಗೆ ಬಂದದ್ದೇ ಅಲ್ಲ. ಮೈಸೂರಿನವರನ್ನು ಕೇಳಿ ನೋಡಿ. ಯೆಜ್ಡಿ ಬೈಕ್ ಅಲ್ಲೇ ತಯಾರಾಗುತ್ತಿತ್ತು. 1996ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿತು. ಇವತ್ತಿಗೂ ಹಳೇ ಯೆಜ್ಡಿಯನ್ನು ಉಜ್ಜಿ ಹೊಳಪಿಟ್ಟು ಓಡಿಸುವವರಿದ್ದಾರೆ. ಮೈಲೇಜ್ ಲೆಕ್ಕ ಹೇಳಿ ಅವರ ಮನಸ್ಸು ಬದಲಿಸೋಕ್ಕಾಗುತ್ತಾ? ಇಲ್ಲಿನವರ ಬ್ರ್ಯಾಂಡ್ ಪ್ರೀತಿಯೂ ಅದೇ ಜಾತಿಯದು. ವಾದಕ್ಕೆ ಹೋಗಬೇಡಿ, ಕೇಳಿಸಿಕೊಳ್ಳಿ. ಎಲ್ಲಿ ಬೆಸುಗೆ ಒಡೆಯುತ್ತದೆ, ಎಲ್ಲಿ ತುಕ್ಕು ಮೊದಲು ಹಿಡಿಯುತ್ತದೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಯಾವ ಅಂಗಡಿಯವರೂ ಹೇಳುವುದಿಲ್ಲ.

ಲೇಬಲ್ ಓದುವಾಗ ಮಾತ್ರ ಹುಷಾರು. "ಮೇಡ್ ಇನ್ ಯುಎಸ್ಎ" ಅಂತ ಸುಮ್ನೆ ಬರೆದುಕೊಳ್ಳುವ ಹಾಗಿಲ್ಲ. ವಸ್ತು ಪೂರ್ತಿಯಾಗಿ, ಅಥವಾ ಹೆಚ್ಚುಕಡಿಮೆ ಪೂರ್ತಿಯಾಗಿ ಇಲ್ಲಿಯದೇ ಆಗಿರಬೇಕು ಅನ್ನುವುದು ವ್ಯಾಪಾರದ ಮೋಸ ತಡೆಯುವ ಇಲ್ಲಿನ ಕೇಂದ್ರ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ಅಳತೆಗೋಲು. 2021ರಲ್ಲಿ ಅದಕ್ಕೆ ನಿಯಮದ ಬಲವೂ ಬಂತು. "ಅಸೆಂಬಲ್ಡ್ ಇನ್ ಯುಎಸ್ಎ" ಅಂದರೆ ಜೋಡಣೆ ಇಲ್ಲಿ, ಭಾಗಗಳು ಹೊರಗಿನವೂ ಇರಬಹುದು. "ಡಿಸೈನ್ಡ್ ಇನ್ ಯುಎಸ್ಎ" ಅಂದರೆ ನಕ್ಷೆ ಇಲ್ಲಿಯದು, ಅಷ್ಟೇ. ದೊಡ್ಡ ಬಾವುಟದ ಚಿತ್ರ ಕಂಡರೆ ಅದರ ಕೆಳಗಿನ ಸಣ್ಣ ಅಕ್ಷರ ಓದಿ.

ಹಾಗಾದರೆ ಇಲ್ಲೇ ಕಟ್ಟಿದ ಮೆಷೀನಿಗೆ ಜಾಸ್ತಿ ದುಡ್ಡು ಕೊಟ್ಟರೆ ಏನು ಸಿಗುತ್ತದೆ? ಮುಖ್ಯವಾಗಿ ದಪ್ಪ ಉಕ್ಕು. ಯೋಡರ್ 640 ಅನ್ನುವ ಮಾಡೆಲ್ 300 ಪೌಂಡಿಗಿಂತ ಜಾಸ್ತಿ ತೂಗುತ್ತದೆ. ದೊಡ್ಡ ಅಂಗಡಿಯ ಅಗ್ಗದ ಮೆಷೀನನ್ನು ಇಬ್ಬರು ಎತ್ತಿ ಪ್ಯಾಟಿಯೊಗೆ ತಂದುಬಿಡಬಹುದು. ದಪ್ಪ ಉಕ್ಕು ಬಿಸಿ ಹಿಡಿದಿಡುತ್ತದೆ, ಮುಚ್ಚಳ ತೆಗೆದರೂ ಬೇಗ ತಣಿಯುವುದಿಲ್ಲ. ಶಿಕಾಗೋ, ಮಿನೆಸೋಟ ಕಡೆ ಚಳಿಗಾಲದಲ್ಲೂ ಹೊಗೆ ಹಾಕುವವರಿಗೆ ಇದು ದೊಡ್ಡ ವಿಷಯ. ಡಾಲಸ್ ಬಿಸಿಲಲ್ಲಿ ತಿಂಗಳಿಗೆ ಎರಡು ಸಲ ಕೋಳಿ ಮಾಡುವ ಮನೆಗೆ ಅಷ್ಟು ಬೇಕಿಲ್ಲ. ಹಾಗೆಯೇ, ಚೀನಾದಲ್ಲಿ ತಯಾರಾದದ್ದೆಲ್ಲ ಒಂದೇ ತಕ್ಕಡಿಗೆ ಬರುವುದಿಲ್ಲ. ಒಳಗೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಹಾಕಿ ಗಟ್ಟಿಯಾಗಿ ಮಾಡಿಸುವ ಕಂಪನಿಯೂ ಉಂಟು, ತಗಡಿಗೆ ಬಣ್ಣ ಬಳಿದು ಕಳಿಸುವ ಕಂಪನಿಯೂ ಉಂಟು. ಮುಚ್ಚಳ ಎತ್ತಿ ಇಳಿಸಿ ನೋಡಿ. ಅಂಚು ಸರಿಯಾಗಿ ಕೂರುತ್ತದಾ? ಕಾಲು ಅಲ್ಲಾಡುತ್ತದಾ? ಬೆಂಕಿಬಟ್ಟಲು ಎಂಥ ಲೋಹದ್ದು? ಮೊದಲು ಸವೆಯುವುದು ಅದೇ.

ಆದರೆ ಉಕ್ಕಿಗಿಂತಲೂ, ಲೇಬಲಿಗಿಂತಲೂ ನನಗೆ ದೊಡ್ಡದು ಬಿಡಿಭಾಗ. ಇದನ್ನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ.

ನನ್ನ ಮೊದಲ ಸ್ಮೋಕರ್ ಸೇಲ್‌ನಲ್ಲಿ ತಂದದ್ದು. ಎರಡನೇ ವರ್ಷದ ಏಪ್ರಿಲ್‌ನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ಕವರ್ ಹಾಕಿದ್ದೆ. ಹಾಪರ್ ಮಾತ್ರ ಖಾಲಿ ಮಾಡಿರಲಿಲ್ಲ. ಮುಚ್ಚಳದ ಸಂದಿಯಿಂದ ನೀರು ಇಳಿದಿತ್ತು. ಪೆಲೆಟ್ಟಿಗೆ ನೀರು ತಾಕಿದರೆ ನೆನೆದ ಅವಲಕ್ಕಿ ಹಾಗೆ ಊದಿಕೊಂಡು ಪುಡಿಯಾಗುತ್ತದೆ. ಆ ಪುಡಿ ಆಗರ್ ಕೊಳವೆಯೊಳಗೆ ಒಣಗಿದರೆ ಸಿಮೆಂಟಿನಷ್ಟು ಗಟ್ಟಿ. ಗೊತ್ತಿಲ್ಲದೆ ಸ್ವಿಚ್ ಒತ್ತಿದೆ. ಮೋಟರ್ ಮುಲುಗಿ ಮುಲುಗಿ ಕೊನೆಗೆ ಸುಟ್ಟುಹೋಯಿತು. ಇಡೀ ಭಾನುವಾರ ಸ್ಕ್ರೂಡ್ರೈವರಿನಿಂದ ಕೆತ್ತಿ ಕೆತ್ತಿ ಕೊಳವೆ ಬಿಡಿಸಿದೆವು, ನಾನು ಮತ್ತು ಮಗ. ಸೋಮವಾರ ಕಂಪನಿಗೆ ಫೋನ್ ಮಾಡಿದರೆ, "ಆ ಮಾಡೆಲ್ ನಿಲ್ಲಿಸಿದ್ದೇವೆ, ಮೋಟರ್ ಸ್ಟಾಕ್ ಇಲ್ಲ" ಅಂದರು. ಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಬೇರೆಯವರು ಮಾಡಿದ, ಅಳತೆ ಹೊಂದುವ ಮೋಟರ್ ಹುಡುಕಿ ತರಿಸಲು ಒಂದು ತಿಂಗಳಾಯಿತು.

ಅಂದಿನಿಂದ ಕೇಳಿದವರಿಗೆಲ್ಲ ಎರಡು ಪರೀಕ್ಷೆ ಹೇಳುತ್ತಿದ್ದೇನೆ. ನೀವು ಕೊಳ್ಳಬೇಕೆಂದಿರುವ ಕಂಪನಿಯ ಐದು ವರ್ಷ ಹಳೆಯ ಒಂದು ಮಾಡೆಲ್ ಆರಿಸಿಕೊಳ್ಳಿ. ಅದರ ಇಗ್ನೈಟರ್, ಆಗರ್ ಮೋಟರ್, ಫ್ಯಾನ್, ಕಂಟ್ರೋಲರ್ ನಾಲ್ಕೂ ಇವತ್ತು ಕೊಳ್ಳಲು ಸಿಗುತ್ತವಾ ನೋಡಿ. ಹೊಸ ಮಾಡೆಲಿನದು ಹೇಗೂ ಸಿಗುತ್ತದೆ, ಹಳೆಯದು ಸಿಗಬೇಕು. ಎರಡನೆಯದು, ಶನಿವಾರ ಮಧ್ಯಾಹ್ನ ಅವರ ಸಹಾಯವಾಣಿಗೆ ಒಂದು ಫೋನ್ ಮಾಡಿ. ನೆಂಟರು ಬರುವುದು, ಮೆಷೀನ್ ಕೈಕೊಡುವುದು ಎಲ್ಲ ಶನಿವಾರವೇ ಅಲ್ವಾ? ಆಗ ಮನುಷ್ಯರು ಫೋನ್ ಎತ್ತಿದರೆ ಆ ಕಂಪನಿಯನ್ನು ನಂಬಬಹುದು. ವಾರಂಟಿಯಲ್ಲೂ ಮೆಷೀನಿನ ಉಕ್ಕಿನ ಒಡಲಿಗೆ ಎಷ್ಟು ವರ್ಷ, ಕಂಟ್ರೋಲರಿಗೆ ಎಷ್ಟು ವರ್ಷ ಅಂತ ಬೇರೆ ಬೇರೆಯಾಗಿ ನೋಡಿ. ದೊಡ್ಡ ಅಕ್ಷರದಲ್ಲಿ ಬರೆದ ವರ್ಷ ಎಲ್ಲ ಭಾಗಕ್ಕೂ ಅನ್ವಯಿಸಬೇಕೆಂದಿಲ್ಲ.

ಪೆಲೆಟ್ ಯಾವ ಕಂಪನಿಯದಾದರೂ ನಡೆಯುತ್ತದೆ, ಅಡುಗೆಗೆಂದು ಮಾಡಿದ್ದಾಗಿದ್ದರೆ ಸಾಕು. ಮನೆ ಕಾಯಿಸುವ ಒಲೆಯ ಪೆಲೆಟ್ ಅಗ್ಗ ಅಂತ ತರಬೇಡಿ. ಅದರಲ್ಲಿ ಪೈನ್‌ನಂಥ ಮರವೋ, ಅಡುಗೆಗೆ ಆಗದ ಇನ್ನೇನೋ ಸೇರಿರಬಹುದು. ಚೀಲದ ಮೇಲೆ ಹಿಕರಿ ಮರ ಅಂತ ದೊಡ್ಡದಾಗಿ ಬರೆದು, ಒಳಗೆ ಹೆಚ್ಚಿನ ಪಾಲು ಓಕ್ ಇರುವುದುಂಟು. ಓಕ್ ಕೆಟ್ಟದ್ದಲ್ಲ, ಟೆಕ್ಸಾಸಿನ ಬಾರ್ಬೆಕ್ಯೂ ನಿಂತಿರುವುದೇ ಪೋಸ್ಟ್ ಓಕ್ ಅನ್ನುವ ಓಕ್ ಮರದ ಸೌದೆ ಮೇಲೆ. ಒಂದು ಪೆಲೆಟ್ ಮುರಿದು ನೋಡಿ. ಟಕ್ ಅಂತ ಮುರಿದರೆ ಒಣಗಿದೆ, ಬೆರಳಲ್ಲಿ ಪುಡಿಯಾದರೆ ತೇವ ಹಿಡಿದಿದೆ. 225 ಡಿಗ್ರಿಯಲ್ಲಿ ಗಂಟೆಗೆ ಒಂದು ಪೌಂಡ್ ಆಸುಪಾಸು ಉರಿಯುತ್ತದೆ. ಡಿಗ್ರಿ ಅಂದರೆ ಇಲ್ಲೆಲ್ಲ ಫ್ಯಾರನ್‌ಹೀಟ್. ಅಡುಗೆ ಮುಗಿದ ಮೇಲೆ ಪ್ಲಗ್ ಕಿತ್ತು ಆರಿಸಬೇಡಿ. ಆಫ್ ಗುಂಡಿ ಒತ್ತಿ, ಬಟ್ಟಲಿನ ಬೆಂಕಿ ಪೂರ್ತಿ ಆರುವವರೆಗೆ ಫ್ಯಾನ್ ತಿರುಗಲು ಬಿಡಿ. ಇಲ್ಲದಿದ್ದರೆ ಬೆಂಕಿ ಹಿಮ್ಮುಖವಾಗಿ ಹಾಪರ್ ಕಡೆ ಹೋಗಬಹುದು. ಬಟ್ಟಲಿನ ಬೂದಿ, ತಟ್ಟೆಯ ಜಿಡ್ಡು ಆಗಾಗ ತೆಗೆಯುತ್ತಿರಿ.

ರುಚಿಯ ವಿಷಯ ಮುಚ್ಚಿಡದೆ ಹೇಳಬೇಕು. ಸೌದೆಯನ್ನೇ ಉರಿಸುವ ದೊಡ್ಡ ಸ್ಮೋಕರಿನಷ್ಟು ಗಾಢ ಹೊಗೆ ಪೆಲೆಟ್‌ನಲ್ಲಿ ಬರುವುದಿಲ್ಲ. ಸೌದೆ ಸ್ಮೋಕರಿನ ಅಭಿಮಾನಿಗಳು ಪೆಲೆಟ್ಟನ್ನು ಹೊರಗಿಟ್ಟ ಓವನ್ ಅನ್ನುತ್ತಾರೆ. ಮೆಣಸು, ಧನಿಯ, ಚಕ್ಕೆ ಹಾಕಿ ಅರೆದ ನಮ್ಮ ಮಸಾಲೆಗೆ ಆ ಹದವಾದ ಹೊಗೆಯೇ ಚೆನ್ನಾಗಿ ಕೂಡುತ್ತದೆ ಅನ್ನುವುದು ನನ್ನ ಅನುಭವ. ಕೋಳಿ ಕಾಲಿಗೆ ಹಿಂದಿನ ರಾತ್ರಿ ಮಸಾಲೆ ಹಚ್ಚಿಡಿ. 225ರಲ್ಲಿ ಒಂದು ಗಂಟೆ ಹೊಗೆ ಕೊಟ್ಟು, ಆಮೇಲೆ 375ಕ್ಕೆ ಏರಿಸಿ. ಕೊನೆವರೆಗೂ 225ರಲ್ಲೇ ಬಿಟ್ಟರೆ ಚರ್ಮ ರಬ್ಬರಿನಂತಾಗುತ್ತದೆ. ಕೋಳಿಯ ಒಳಬಿಸಿ ಕನಿಷ್ಠ 165 ಮುಟ್ಟಲೇಬೇಕು. ಕಾಲು 180ರವರೆಗೆ ಹೋದರೆ ಇನ್ನೂ ಮೆತ್ತಗೆ.

ಟೆಕ್ಸಾಸಿನ ಹೆಸರುವಾಸಿ ಬ್ರಿಸ್ಕೆಟ್ ದನದ ಮಾಂಸ. ತಿನ್ನದವರು ಪಕ್ಕದ ಮನೆಯವರು ಕರೆದಾಗಲೇ ಹೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಾಸೇಜ್‌ನಲ್ಲೂ ಬೆರೆತಿರುತ್ತದೆ, ಕೇಳಿ ತಿನ್ನಿ. ಹಾಗೆಯೇ ನಿಮ್ಮ ಮನೆಗೆ ಸಸ್ಯಾಹಾರಿಗಳು ಬಂದಾಗ, ಮಾಂಸ ಬೆಂದ ಅದೇ ಜಾಲರಿ ಮೇಲೆ ಅವರ ಪನೀರ್ ಇಡಬೇಡಿ. ಅವರಿಗೆಂದೇ ಇನ್ನೊಂದು ಜೊತೆ ಜಾಲರಿ ತಂದಿಡಿ. ಆದರೂ ಮೆಷೀನ್ ಒಂದೇ, ಹೊಗೆ ಒಂದೇ. ಅದನ್ನು ಮೊದಲೇ ತಿಳಿಸಿ, ತಿನ್ನುವುದು ಬಿಡುವುದು ಅವರಿಗೆ ಬಿಡಿ. ನಮ್ಮವರು ನಂಬಿ ಊಟಕ್ಕೆ ಕೂತಿರುತ್ತಾರೆ.

ಮೆಷೀನ್ ಮನೆಗೆ ಬಂದ ದಿನವೇ ಅಡುಗೆಗೆ ಇಳಿಯಬೇಡಿ. ಕಾರ್ಖಾನೆಯ ಎಣ್ಣೆ, ಬಣ್ಣದ ವಾಸನೆ ಹೋಗಲು ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಖಾಲಿ ಉರಿಸಿ. ಹೊತ್ತಿಸಿದಾಗ ಮೊದಲು ದಟ್ಟ ಬಿಳಿ ಹೊಗೆ ಬರುತ್ತದೆ. ಅದು ಕಹಿ. ತೆಳ್ಳಗಾಗಿ ನೀಲಿ ಛಾಯೆಗೆ ತಿರುಗಿದ ಮೇಲೆಯೇ ಪದಾರ್ಥ ಇಡಬೇಕು. ನಮ್ಮ ಮನೆಯಲ್ಲಿ ಹೊಸ ಮೆಷೀನಿನ ಮೊದಲ ಅಡುಗೆ ಬದನೆಕಾಯಿಯದೇ. ಎರಡು ದಪ್ಪ ಬದನೆಕಾಯಿಗೆ ಎಣ್ಣೆ ಸವರಿ, ಅಲ್ಲಲ್ಲಿ ಚುಚ್ಚಿ, ಅರ್ಧ ಗಂಟೆ ಕಡಿಮೆ ಬಿಸಿಯಲ್ಲಿ ಹೊಗೆ ಕುಡಿಸಿದೆವು. ಆಮೇಲೆ 400ಕ್ಕೆ ಏರಿಸಿ, ಸಿಪ್ಪೆ ಸುಕ್ಕಾಗಿ ಕುಸಿಯುವವರೆಗೆ ಬಿಟ್ಟೆವು. ಸುಲಿದು, ಹಸಿಮೆಣಸು, ಹುಣಸೆ, ಚೂರು ಬೆಲ್ಲ ಹಾಕಿ ಕಿವುಚಿ, ಮೇಲೆ ಇಂಗಿನ ಒಗ್ಗರಣೆ. ಗೊಜ್ಜಿನ ಮೊದಲ ತುತ್ತಿಗೇ ಅಮ್ಮ, "ಕೆಂಡದಲ್ಲಿ ಸುಟ್ಟ ಹಾಗೇ ಇದೆಯಲ್ಲೋ" ಅಂದರು.